ಮಾಯಾವಾಸ್ತವದ ಹೆಡ್‌ಸೆಟ್‌ಗಳಿಗೆ ತಕ್ಕ ಬ್ರೌಸರ್: ರಚನೆ, ಸಮಸ್ಯೆಗಳು, ಚರಿತ್ರೆ

೧. ಪೀಠಿಕೆ

ಅಂತರಜಾಲದ ಪುಟಗಳನ್ನು ತರಿಸಿಕೊಂಡು ನಮ್ಮ ಕಣ್ಣಿಗೆ ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಬಹುಕಾಲ ಇದರ ಕಾರ್ಯಕ್ಷೇತ್ರವು ಮೇಜಿನ ಮೇಲಿನ ಅಥವಾ ಅಂಗೈಯಲ್ಲಿನ ಚಪ್ಪಟೆಯಾದ ತೆರೆಗೆ ಸೀಮಿತವಾಗಿದ್ದಿತು. ಕಳೆದ ಒಂದು ದಶಕದಲ್ಲಿ ಬಳಕೆಗೆ ಬಂದ ಹೆಡ್‌ಸೆಟ್‌ಗಳು ಈ ಸ್ಥಿತಿಯನ್ನು ಬದಲಿಸಿವೆ. ಹೆಡ್‌ಸೆಟ್ ಎಂಬುದು ಎರಡು ಕಣ್ಣುಗಳನ್ನೂ ಆವರಿಸಿ, ಒಂದೊಂದು ಕಣ್ಣಿಗೂ ಪ್ರತ್ಯೇಕವಾದ ಚಿತ್ರವನ್ನು ಒಡ್ಡಿ, ತಲೆ ತಿರುಗಿದಂತೆಲ್ಲ ದೃಶ್ಯವನ್ನೂ ಅದಕ್ಕನುಗುಣವಾಗಿ ತಿರುಗಿಸುವ ಸಾಧನ. ಅದನ್ನು ಧರಿಸಿದವರಿಗೆ ತಾವು ಚಿತ್ರವನ್ನು ನೋಡುತ್ತಿರುವೆವೆಂಬ ಭಾವನೆ ಹೋಗಿ, ಚಿತ್ರದ ಒಳಗೇ ನಿಂತಿರುವೆವೆಂಬ ಭಾವನೆ ಉಂಟಾಗುತ್ತದೆ. ಇದನ್ನು ವರ್ಚುವಲ್ ರಿಯಾಲಿಟಿ ಎಂದು ಕರೆಯುವರು. ಪ್ರಕೃತ ಲೇಖನದಲ್ಲಿ ನಾವು ಮಾಯಾವಾಸ್ತವ ಎಂಬ ಪದವನ್ನು ಬಳಸುವೆವು.

ಇಂತಹ ಸಾಧನಕ್ಕೆ ಬ್ರೌಸರನ್ನು ನಿರ್ಮಿಸುವಾಗ ಎದುರಾಗುವ ಸಮಸ್ಯೆಗಳು ಯಾವುವು, ಅವುಗಳಿಗೆ ಕಂಡುಕೊಂಡ ಪರಿಹಾರಗಳು ಯಾವುವು ಎಂಬುದನ್ನು ಇಲ್ಲಿ ವಿವೇಚಿಸಹೊರಟಿದ್ದೇವೆ. ಮುಖ್ಯ ನಿದರ್ಶನವಾಗಿ ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ರಿಯಾಲಿಟಿ ಎಂಬ ಬ್ರೌಸರನ್ನು ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣಗಳು ಎರಡು. ಮೊದಲನೆಯದಾಗಿ, ಅದರ ಮೂಲ ಬರಹವು ಮುಕ್ತವಾಗಿ ಪ್ರಕಟವಾಗಿರುವುದರಿಂದ ರಚನೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಎರಡನೆಯದಾಗಿ, ಅದು ಹುಟ್ಟಿದ ಮನೆಯಲ್ಲಿ ನಿಂತುಹೋಗಿ ಮತ್ತೊಬ್ಬರ ಮನೆಯಲ್ಲಿ ಬೆಳೆದ ಬಗೆಯಿಂದ ನಾವು ಕಲಿಯಬೇಕಾದುದು ಬಹಳವಿದೆ.

೨. ಪೂರ್ವೇತಿಹಾಸ

ಜಾಲಕ್ಕೂ ಮೂರು ಆಯಾಮಗಳ ಚಿತ್ರಕ್ಕೂ ನಂಟನ್ನು ಕಲ್ಪಿಸುವ ಯತ್ನ ಹೊಸದೇನೂ ಅಲ್ಲ. ೧೯೯೪ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ಪ್ರಥಮ ಅಂತರರಾಷ್ಟ್ರೀಯ ವರ್ಲ್ಡ್ ವೈಡ್ ವೆಬ್ ಸಮ್ಮೇಳನದಲ್ಲಿಯೇ ಡೇವ್ ರ‍್ಯಾಗೆಟ್, ಮಾರ್ಕ್ ಪೆಷಿ, ಟೋನಿ ಪರಿಸಿ ಮೊದಲಾದವರು ಈ ವಿಷಯವನ್ನು ಎತ್ತಿದರು. ಅದರ ಫಲವಾಗಿ ಹುಟ್ಟಿದ ವಿಆರ್‌ಎಂಎಲ್ ಎಂಬ ಭಾಷೆ ೧೯೯೭ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಆದರೆ ಅಂದಿನ ಗಣಕಗಳ ಶಕ್ತಿಯೂ ದೂರವಾಣಿ ತಂತಿಗಳ ವೇಗವೂ ಆ ಕನಸಿಗೆ ಸಾಲದಾದುವು. ೨೦೧೧ರ ಮಾರ್ಚಿಯಲ್ಲಿ ಕ್ರೋನಸ್ ಸಂಘವು ವೆಬ್‌ಜಿಎಲ್‌ನ ಮೊದಲ ಆವೃತ್ತಿಯನ್ನು ಪ್ರಕಟಿಸಿದ ಮೇಲೆಯೇ, ಬ್ರೌಸರಿನ ಪುಟವು ಗಣಕದ ಚಿತ್ರಸಂಸ್ಕಾರಕವನ್ನು ನೇರವಾಗಿ ಬಳಸಿಕೊಳ್ಳಲು ಸರ್ವಸಮ್ಮತವಾದ ಮಾರ್ಗವೊಂದು ದೊರೆಯಿತು.

ಮುಂದಿನ ಹೆಜ್ಜೆಯನ್ನು ೨೦೧೪ರಲ್ಲಿ ಮೊಜಿಲ್ಲಾದ ವ್ಲಾದಿಮಿರ್ ವುಕಿಚೆವಿಚ್ ಮತ್ತು ಗೂಗಲ್ ಸಂಸ್ಥೆಯ ಬ್ರ್ಯಾಂಡನ್ ಜೋನ್ಸ್ ಇಟ್ಟರು. ತಲೆಯ ಸ್ಥಾನ ಮತ್ತು ದಿಕ್ಕನ್ನು ಪುಟಕ್ಕೆ ತಿಳಿಸಿ, ಪುಟವು ಎರಡು ಕಣ್ಣುಗಳಿಗೆ ಬರೆದ ಚಿತ್ರಗಳನ್ನು ಹೆಡ್‌ಸೆಟ್ಟಿಗೆ ಒಯ್ಯುವ ಈ ಏರ್ಪಾಡಿಗೆ ವೆಬ್‌ವಿಆರ್ ಎಂದು ಹೆಸರಾಯಿತು. ಇದೇ ಪರಿಷ್ಕೃತವಾಗಿ ವೆಬ್‌ಎಕ್ಸ್‌ಆರ್ ಎಂಬ ಹೊಸ ಏರ್ಪಾಡಾಗಿ ರೂಪುಗೊಂಡಿತು. ೨೦೧೯ರ ಡಿಸೆಂಬರಿನಲ್ಲಿ ಕ್ರೋಮ್ ಬ್ರೌಸರಿನ ೭೯ನೆಯ ಆವೃತ್ತಿಯೊಡನೆ ಸಾಮಾನ್ಯ ಬಳಕೆಗೆ ಬಂದಿತು. ಈ ಮಧ್ಯೆ ೨೦೧೮ರ ಏಪ್ರಿಲಿನಲ್ಲಿ ಮೊಜಿಲ್ಲಾದವರು ಹೆಡ್‌ಸೆಟ್ಟಿಗೆಂದೇ ಒಂದು ಬ್ರೌಸರನ್ನು ರಚಿಸುತ್ತಿರುವುದಾಗಿ ಸಾರಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೈರ್‌ಫಾಕ್ಸ್ ರಿಯಾಲಿಟಿಯನ್ನು ಬಿಡುಗಡೆ ಮಾಡಿದರು.

೩. ಬ್ರೌಸರಿನ ಅಂಗರಚನೆ

ಇಂತಹ ಬ್ರೌಸರು ನಿರ್ವಹಿಸಬೇಕಾದ ಕಾರ್ಯಗಳು ಎರಡು. ಚಪ್ಪಟೆ ತೆರೆಗೆಂದು ಬರೆದ ಕೋಟ್ಯಂತರ ಪುಟಗಳನ್ನು ಮಾಯಾವಾಸ್ತವದ ಅವಕಾಶದಲ್ಲಿ ಗೋಡೆಗೆ ತೂಗುಹಾಕಿದ ಪಟದಂತೆ ತೋರಿಸುವುದು ಒಂದು. ಯಾವುದಾದರೂ ಪುಟವು ತಾನೇ ಮೂರು ಆಯಾಮಗಳ ದೃಶ್ಯವಾಗಿದ್ದರೆ, ಇಡೀ ಅವಕಾಶವನ್ನೇ ಅದಕ್ಕೆ ಬಿಟ್ಟುಕೊಟ್ಟು ತಾನು ಹಿಂದೆ ಸರಿಯುವುದು ಇನ್ನೊಂದು.

ಈ ಎರಡು ಕಾರ್ಯಗಳಿಗಾಗಿ ಬ್ರೌಸರನ್ನು ಎರಡು ಭಾಗಗಳಾಗಿ ವಿಂಗಡಿಸಬಹುದು. ಪುಟದ ಬರಹವನ್ನು ಓದಿ, ಅದರ ಅರ್ಥವನ್ನು ಗ್ರಹಿಸಿ, ಚಿತ್ರವಾಗಿ ಮಾರ್ಪಡಿಸುವ ಭಾಗಕ್ಕೆ ಎಂಜಿನ್ ಎನ್ನುವರು. ಫೈರ್‌ಫಾಕ್ಸ್ ರಿಯಾಲಿಟಿಯಲ್ಲಿ ಮೊಜಿಲ್ಲಾದ ಗೆಕೋ ಎಂಜಿನ್ನೇ ಈ ಕೆಲಸವನ್ನು ಮಾಡುತ್ತಿದ್ದಿತು. ಅದನ್ನು ಆಂಡ್ರಾಯ್ಡ್ ವ್ಯವಸ್ಥೆಗೆ ಒಗ್ಗಿಸಿ ಗೆಕೋವ್ಯೂ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಕಟ್ಟಿಡಲಾಗಿದ್ದಿತು. ಎಂಜಿನ್ನಿನ ಸುತ್ತ ಇರುವ ಹೊರಕವಚವು ಎರಡನೆಯ ಭಾಗ. ವಿಳಾಸಪಟ್ಟಿ, ಕಿಟಕಿಗಳು, ಕೀಲಿಮಣೆ, ಕೈಯಲ್ಲಿನ ನಿಯಂತ್ರಕದಿಂದ ಹೊರಡುವ ಗುರಿಗೆರೆ ಇವೆಲ್ಲವೂ ಅದರ ಪಾಲಿನವು. ಇಲ್ಲಿ ಕೈಗೊಂಡ ಉಪಾಯವು ಸರಳವಾದುದು: ಗುಂಡಿಗಳನ್ನೂ ಪಟ್ಟಿಗಳನ್ನೂ ಹೊಸದಾಗಿ ಸೃಷ್ಟಿಸದೆ, ಆಂಡ್ರಾಯ್ಡಿನಲ್ಲಿ ಈಗಾಗಲೇ ಇರುವ ಚಪ್ಪಟೆ ಉಪಕರಣಗಳನ್ನೇ ಬಳಸಿ, ಅವುಗಳ ಚಿತ್ರವನ್ನು ಅವಕಾಶದಲ್ಲಿನ ಫಲಕಗಳ ಮೇಲೆ ಅಂಟಿಸಲಾಯಿತು. ನಿಯಂತ್ರಕದ ಗೆರೆ ಫಲಕವನ್ನು ತಾಕಿದ ಬಿಂದುವನ್ನು ಲೆಕ್ಕಹಾಕಿ, ಅದನ್ನು ಬೆರಳಿನ ಸ್ಪರ್ಶವೆಂಬಂತೆ ಒಳಕ್ಕೆ ತಿಳಿಸಿದರಾಯಿತು. ತಾನು ಗೋಡೆಯ ಮೇಲಿರುವೆನೆಂಬುದು ಪುಟಕ್ಕೆ ತಿಳಿಯಬೇಕಾದ ಅಗತ್ಯವೇ ಇಲ್ಲ.

೪. ಕಾಲದ ಅಭಾವ

ಸಾಮಾನ್ಯ ತೆರೆಯಲ್ಲಿ ಪುಟವು ಒಂದು ಕ್ಷಣ ತಡವಾಗಿ ಬಂದರೆ ಓದುಗನಿಗೆ ಬೇಸರವಾಗಬಹುದು, ಅಷ್ಟೆ. ಹೆಡ್‌ಸೆಟ್ಟಿನಲ್ಲಿ ವಿಳಂಬವು ದೇಹಕ್ಕೇ ಬಾಧೆಯನ್ನುಂಟುಮಾಡುತ್ತದೆ. ತಲೆ ತಿರುಗಿದೆಯೆಂದು ಒಳಕಿವಿಯು ಹೇಳುತ್ತಿರುವಾಗ ಕಣ್ಣಿನ ಮುಂದಿನ ದೃಶ್ಯವು ತಿರುಗದಿದ್ದರೆ ವಾಕರಿಕೆಯೂ ತಲೆಸುತ್ತೂ ಬರುವುವು. ೨೦೧೯ರಲ್ಲಿ ಮಾರುಕಟ್ಟೆಗೆ ಬಂದ ಆಕ್ಯುಲಸ್ ಕ್ವೆಸ್ಟ್ ಎಂಬ ಹೆಡ್‌ಸೆಟ್ಟಿನಲ್ಲಿ ಸೆಕೆಂಡಿಗೆ ೭೨ ಚಿತ್ರಗಳು ಮೂಡಬೇಕಾಗಿದ್ದಿತು. ಎಂದರೆ ಒಂದು ಚಿತ್ರಕ್ಕೆ ದೊರೆಯುವ ಕಾಲ ಸುಮಾರು ೧೪ ಮಿಲಿಸೆಕೆಂಡು. ಅಷ್ಟರಲ್ಲಿ ಎರಡು ಕಣ್ಣುಗಳಿಗೂ ಚಿತ್ರವನ್ನು ಬರೆದು ಮುಗಿಸಬೇಕು.

ಜಾಲದ ಪುಟಗಳಾದರೋ ಇಂತಹ ಶಿಸ್ತಿಗೆ ಒಳಪಟ್ಟವಲ್ಲ. ಒಂದು ಪುಟದೊಳಗಿನ ಲೆಕ್ಕಾಚಾರವು ೨೦೦ ಮಿಲಿಸೆಕೆಂಡುಗಳನ್ನು ನುಂಗಿದರೂ ಅದನ್ನು ತಡೆಯುವವರಿಲ್ಲ. ಆದಕಾರಣ ಪುಟವನ್ನು ಬರೆಯುವ ಕೆಲಸವನ್ನೂ ತಲೆಯ ಚಲನೆಗೆ ತಕ್ಕಂತೆ ಅವಕಾಶವನ್ನು ಬರೆಯುವ ಕೆಲಸವನ್ನೂ ಪರಸ್ಪರ ಬೇರ್ಪಡಿಸುವುದು ಅನಿವಾರ್ಯ. ಪುಟವು ತಡಮಾಡಿದರೆ ಅದರ ಹಿಂದಿನ ಚಿತ್ರವೇ ಗೋಡೆಯ ಮೇಲೆ ನಿಲ್ಲುತ್ತದೆ. ಆದರೆ ಗೋಡೆ ಮಾತ್ರ ತಲೆಯ ಚಲನೆಗೆ ತಪ್ಪದೆ ಸ್ಪಂದಿಸುತ್ತದೆ. ಪುಟವೇ ಇಡೀ ಅವಕಾಶವನ್ನು ಆಕ್ರಮಿಸಿರುವಾಗ ಈ ರಕ್ಷಣೆ ಸಾಲದು. ಆಗ ಹೆಡ್‌ಸೆಟ್ಟಿನ ವ್ಯವಸ್ಥೆಯು ಹಿಂದಿನ ಚಿತ್ರವನ್ನೇ ತಲೆಯ ಹೊಸ ದಿಕ್ಕಿಗೆ ಹೊಂದುವಂತೆ ಕೊಂಚ ಸರಿಸಿ ತೋರಿಸಿ, ಕೊರತೆಯನ್ನು ಮರೆಮಾಚುತ್ತದೆ.

೫. ಅಕ್ಷರದ ಸಮಸ್ಯೆ

ಮಾಯಾವಾಸ್ತವದ ಬ್ರೌಸರಿನಲ್ಲಿ ಅತಿ ಕಠಿಣವಾದುದು ಮೂರು ಆಯಾಮಗಳ ಚಿತ್ರವಲ್ಲ, ಸಾಮಾನ್ಯ ಅಕ್ಷರ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಸರಳವಾದ ಗಣಿತದಿಂದ ಇದು ಸ್ಪಷ್ಟವಾಗುತ್ತದೆ. ಮೇಲೆ ಹೇಳಿದ ಹೆಡ್‌ಸೆಟ್ಟಿನಲ್ಲಿ ಒಂದು ಕಣ್ಣಿಗೆ ಅಡ್ಡಲಾಗಿ ೧೪೪೦ ಪಿಕ್ಸೆಲ್‌ಗಳಿದ್ದು, ಅವು ೯೦ ಡಿಗ್ರಿಗಿಂತ ತುಸು ಹೆಚ್ಚಿನ ದೃಷ್ಟಿಕ್ಷೇತ್ರದ ಮೇಲೆ ಹರಡಿರುತ್ತವೆ. ಆದ್ದರಿಂದ ಒಂದು ಡಿಗ್ರಿಗೆ ಬರುವುದು ಸುಮಾರು ೧೫ ಪಿಕ್ಸೆಲ್. ಅಂಗುಲಕ್ಕೆ ೯೬ ಪಿಕ್ಸೆಲ್‌ಗಳಿರುವ ಸಾಧಾರಣ ಮೇಜಿನ ತೆರೆಯನ್ನು ೬೦ ಸೆಂಟಿಮೀಟರ್ ದೂರದಿಂದ ನೋಡಿದರೆ ಡಿಗ್ರಿಗೆ ಸುಮಾರು ೪೦ ಪಿಕ್ಸೆಲ್‌ಗಳು ದೊರೆಯುವುವು. ಆರೋಗ್ಯವಂತ ಕಣ್ಣು ಡಿಗ್ರಿಗೆ ೬೦ ಪಿಕ್ಸೆಲ್‌ಗಳಷ್ಟು ಸೂಕ್ಷ್ಮತೆಯನ್ನು ಗ್ರಹಿಸಬಲ್ಲುದು. ಮೇಜಿನ ತೆರೆಯಲ್ಲಿ ೩ ಮಿಲಿಮೀಟರ್ ಎತ್ತರವಿದ್ದ ಅಕ್ಷರಕ್ಕೆ ೧೧ ಪಿಕ್ಸೆಲ್‌ಗಳು ಸಿಕ್ಕಿದ್ದರೆ, ಹೆಡ್‌ಸೆಟ್ಟಿನಲ್ಲಿ ಅಷ್ಟೇ ಗಾತ್ರದಲ್ಲಿ ಕಾಣುವ ಅಕ್ಷರಕ್ಕೆ ಉಳಿಯುವುದು ನಾಲ್ಕೇ ನಾಲ್ಕು.

ಈ ಕೊರತೆ ಎಲ್ಲ ಲಿಪಿಗಳಿಗೂ ಸಮನಾಗಿ ತಟ್ಟುವುದಿಲ್ಲ. ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ, ಡಕಾರಕ್ಕೂ ಢಕಾರಕ್ಕೂ ಇರುವ ಭೇದವು ಅಕ್ಷರದ ಬುಡದಲ್ಲಿನ ಒಂದು ಚಿಕ್ಕ ಗೆರೆ ಮಾತ್ರ. ಆ ಗೆರೆ ಅಕ್ಷರದ ಎತ್ತರದಲ್ಲಿ ಐದನೆಯ ಒಂದು ಭಾಗವೆಂದಿಟ್ಟುಕೊಂಡರೆ, ನಾಲ್ಕು ಪಿಕ್ಸೆಲ್ ಎತ್ತರದ ಅಕ್ಷರದಲ್ಲಿ ಅದಕ್ಕೆ ಒಂದು ಪೂರ್ಣ ಪಿಕ್ಸೆಲ್ ಕೂಡ ದೊರೆಯಲಾರದು. 'ದನ'ವು ಯಾವುದು, 'ಧನ'ವು ಯಾವುದು ಎಂಬುದನ್ನು ಓದುಗನು ಸಂದರ್ಭದಿಂದ ಊಹಿಸಬೇಕಾಗುತ್ತದೆ. ಇದಲ್ಲದೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಕಿರಿದಾದ ರೂಪದಲ್ಲಿ ನಿಲ್ಲುವಂಥವು. ಆದಕಾರಣ ಇಂಗ್ಲಿಷಿಗೆ ಸಾಕೆಂದು ನಿಶ್ಚಯಿಸಿದ ಅಕ್ಷರಗಾತ್ರವು ಕನ್ನಡಕ್ಕೆ ಸಾಕಾಗುವುದೆಂದು ಭಾವಿಸುವಂತಿಲ್ಲ.

ಪಿಕ್ಸೆಲ್‌ಗಳ ಕೊರತೆಗೆ ಇನ್ನೊಂದು ದೋಷವೂ ಸೇರಿಕೊಳ್ಳುತ್ತದೆ. ಪುಟವನ್ನು ಮೊದಲು ಚಪ್ಪಟೆ ಚಿತ್ರವಾಗಿ ಬರೆದು, ಅದನ್ನು ಅವಕಾಶದಲ್ಲಿನ ಫಲಕಕ್ಕೆ ಅಂಟಿಸಿ ಕಣ್ಣಿನ ಚಿತ್ರವಾಗಿ ಮತ್ತೆ ಬರೆದು, ಕೊನೆಗೆ ಮಸೂರದ ವಕ್ರತೆಗೆ ಹೊಂದುವಂತೆ ಮೂರನೆಯ ಸಲ ತಿದ್ದಲಾಗುತ್ತದೆ. ನಕಲಿನ ನಕಲು ಮಸುಕಾಗುವಂತೆ, ಪ್ರತಿಯೊಂದು ಸಲವೂ ಅಕ್ಷರದ ಅಂಚು ಮಬ್ಬಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಪುಟದ ಚಿತ್ರವನ್ನು ಪ್ರತ್ಯೇಕ ಪದರವಾಗಿ ನೇರವಾಗಿ ಹೆಡ್‌ಸೆಟ್ಟಿನ ವ್ಯವಸ್ಥೆಗೇ ಒಪ್ಪಿಸಿ, ನಡುವಣ ಒಂದು ನಕಲನ್ನು ತಪ್ಪಿಸುವುದು. ಫೈರ್‌ಫಾಕ್ಸ್ ರಿಯಾಲಿಟಿಯು ಚಪ್ಪಟೆ ಫಲಕಕ್ಕೂ ಕೊಳವೆಯಂತೆ ಬಾಗಿದ ಫಲಕಕ್ಕೂ ಇಂತಹ ಪದರಗಳನ್ನು ಬಳಸಿದ್ದಿತು.

೬. ನಂಬಿಕೆಯ ಪ್ರಶ್ನೆ

ಚಪ್ಪಟೆ ತೆರೆಯಲ್ಲಿ ವಿಳಾಸಪಟ್ಟಿಯು ಸದಾ ಕಣ್ಣಿಗೆ ಬೀಳುತ್ತಿರುವುದರಿಂದ ನಾವು ಎಲ್ಲಿರುವೆವೆಂಬುದು ತಿಳಿದಿರುತ್ತದೆ. ಪುಟವು ಇಡೀ ದೃಷ್ಟಿಕ್ಷೇತ್ರವನ್ನು ಆಕ್ರಮಿಸಿದಾಗ ಆ ಗುರುತು ಮರೆಯಾಗುತ್ತದೆ. ಮೋಸಗಾರನ ಪುಟವೊಂದು ಬ್ರೌಸರಿನ ಕಿಟಕಿಯನ್ನೇ ಹೋಲುವ ಸುಳ್ಳು ಕಿಟಕಿಯನ್ನು ಬರೆದು, ಗುಪ್ತಪದವನ್ನು ಕೇಳಬಹುದು. ಇದಲ್ಲದೆ ತಲೆ ಮತ್ತು ಕೈಗಳ ಚಲನೆಯ ವಿವರಗಳಿಂದ ವ್ಯಕ್ತಿಯ ಎತ್ತರ, ನಡಿಗೆ ಮೊದಲಾದ ಅಂಶಗಳನ್ನು ಊಹಿಸಲು ಸಾಧ್ಯ.

ಈ ಅಪಾಯಗಳನ್ನು ಮನಗಂಡೇ ವೆಬ್‌ಎಕ್ಸ್‌ಆರ್ ಕೆಲವು ನಿಯಮಗಳನ್ನು ವಿಧಿಸಿದೆ. ಸುರಕ್ಷಿತ ಸಂಪರ್ಕದಿಂದ ಬಂದ ಪುಟಕ್ಕೆ ಮಾತ್ರ ಪ್ರವೇಶವುಂಟು. ಬಳಸುವವರು ತಾವಾಗಿ ಗುಂಡಿಯನ್ನೊತ್ತುವಂತಹ ಕ್ರಿಯೆಯನ್ನು ಮಾಡಿದ ಹೊರತು ಪುಟವು ಅವಕಾಶವನ್ನು ಆಕ್ರಮಿಸುವಂತಿಲ್ಲ. ಬ್ರೌಸರು ತನ್ನ ಪ್ರಶ್ನೆಯನ್ನು ಮುಂದಿಟ್ಟಾಗ, ಹಿಂದೆ ಕಾಣುತ್ತಿರುವ ಪುಟಕ್ಕೆ ಕೈನಿಯಂತ್ರಕದ ಸಂಜ್ಞೆಗಳು ತಲುಪದಂತೆ ತಡೆಯಲು ಪ್ರತ್ಯೇಕ ಸ್ಥಿತಿಯೊಂದನ್ನು ಗೊತ್ತುಪಡಿಸಲಾಗಿದೆ. ಹೊರಬರುವ ಬಾಗಿಲು ಎಂದಿಗೂ ಬಳಸುವವರ ಕೈಯಲ್ಲಿಯೇ ಇರಬೇಕೆಂಬುದು ಈ ನಿಯಮಗಳ ತಾತ್ಪರ್ಯ.

೭. ಉತ್ತರಚರಿತ್ರೆ

ತಂತ್ರಾಂಶದ ಆಯುಸ್ಸು ಅದರ ಗುಣವೊಂದನ್ನೇ ಅವಲಂಬಿಸಿರುವುದಿಲ್ಲ. ೨೦೨೦ರ ಆಗಸ್ಟಿನಲ್ಲಿ ಮೊಜಿಲ್ಲಾ ಸಂಸ್ಥೆಯು ಸುಮಾರು ೨೫೦ ಹುದ್ದೆಗಳನ್ನು ತೆಗೆದುಹಾಕಿತು. ೨೦೨೨ರ ಫೆಬ್ರುವರಿಯಲ್ಲಿ ಫೈರ್‌ಫಾಕ್ಸ್ ರಿಯಾಲಿಟಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಯಬೇಕಾಗಿದ್ದಿತು. ಆದರೆ ಮೂಲ ಬರಹವು ಮೊಜಿಲ್ಲಾ ಸಾರ್ವಜನಿಕ ಪರವಾನಗಿಯ ಮೇರೆಗೆ ಮುಕ್ತವಾಗಿದ್ದುದರಿಂದ, ಸ್ಪೇನ್ ದೇಶದ ಗಲೀಸಿಯಾ ಪ್ರಾಂತದ ಇಗಾಲಿಯಾ ಎಂಬ ಸಂಸ್ಥೆಯು ಅದೇ ತಿಂಗಳಿನಲ್ಲಿಯೇ ಅದನ್ನು ಕೈಗೆತ್ತಿಕೊಂಡು ವೊಲ್ವಿಕ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸುವುದಾಗಿ ಸಾರಿತು. ೨೦೦೧ರಲ್ಲಿ ಸ್ಥಾಪಿತವಾದ ಈ ಸಂಸ್ಥೆ, ಕೆಲಸಗಾರರೇ ಒಡೆಯರಾಗಿರುವ ಸಹಕಾರಿ ಸ್ವರೂಪದ್ದೆಂಬುದು ಗಮನಾರ್ಹ.

ಹೊಸ ಕೈಗಳಲ್ಲಿ ಎರಡು ಮುಖ್ಯ ಸುಧಾರಣೆಗಳಾದುವು. ಒಂದೊಂದು ತಯಾರಕರ ಹೆಡ್‌ಸೆಟ್ಟಿಗೂ ಬೇರೆ ಬೇರೆ ಬರಹವನ್ನು ಸಿದ್ಧಪಡಿಸುವ ಬದಲು, ಕ್ರೋನಸ್ ಸಂಘವು ೨೦೧೯ರ ಜುಲೈಯಲ್ಲಿ ಪ್ರಕಟಿಸಿದ ಓಪನ್‌ಎಕ್ಸ್‌ಆರ್ ಎಂಬ ಸಾಮಾನ್ಯ ಮಾನಕವನ್ನು ಆಶ್ರಯಿಸಿದುದು ಮೊದಲನೆಯದು. ಎಂಜಿನ್ನಿಗೂ ಹೊರಕವಚಕ್ಕೂ ನಡುವಣ ಗಡಿಯನ್ನು ಸ್ಪಷ್ಟಗೊಳಿಸಿ, ಗೆಕೋವಿನ ಸ್ಥಾನದಲ್ಲಿ ಕ್ರೋಮಿಯಂ ಎಂಜಿನ್ನನ್ನೂ ಕೂಡಿಸಲು ಎಡೆಮಾಡಿದುದು ಎರಡನೆಯದು. ಭಾಗಗಳನ್ನು ಮೊದಲೇ ಬೇರ್ಪಡಿಸಿ ಕಟ್ಟಿದ್ದವರ ದೂರದೃಷ್ಟಿ ಇಲ್ಲಿ ಫಲಕೊಟ್ಟಿತೆನ್ನಬಹುದು.

೮. ಉಪಸಂಹಾರ

ಹೆಡ್‌ಸೆಟ್ಟಿನ ತಯಾರಕರು ಬಹುಮಟ್ಟಿಗೆ ತಮ್ಮದೇ ಅಂಗಡಿಯ ಮೂಲಕ ತಂತ್ರಾಂಶವನ್ನು ಹಂಚುವರು. ಆ ಅಂಗಡಿಯಲ್ಲಿ ಯಾವುದಿರಬೇಕು, ಯಾವುದಿರಬಾರದು ಎಂಬುದು ಅವರ ಇಚ್ಛೆ. ಜಾಲದ ಸಂಪ್ರದಾಯ ಇದಕ್ಕೆ ವಿರುದ್ಧವಾದುದು. ಅಲ್ಲಿ ವಿಳಾಸವೊಂದಿದ್ದರೆ ಸಾಕು, ಯಾರ ಅನುಮತಿಯೂ ಬೇಕಿಲ್ಲ. ಧಾರವಾಡದ ವಿದ್ಯಾರ್ಥಿಯೊಬ್ಬಳು ಹಂಪೆಯ ಒಂದು ಮಂಟಪದ ಮೂರು ಆಯಾಮಗಳ ಚಿತ್ರವನ್ನು ಪುಟವಾಗಿ ರಚಿಸಿದಳೆಂದು ಭಾವಿಸೋಣ. ಅದನ್ನು ಯಾವ ತಯಾರಕರ ಹೆಡ್‌ಸೆಟ್ಟಿನಲ್ಲಾದರೂ ನೋಡುವಂತಾಗಬೇಕಾದರೆ, ಆ ಸಾಧನಗಳಲ್ಲಿ ಮಾನಕಗಳಿಗೆ ನಿಷ್ಠವಾದ ಬ್ರೌಸರೊಂದು ಇರಲೇಬೇಕು. ಇಲ್ಲವಾದರೆ ಅವಳು ಒಂದೊಂದು ಅಂಗಡಿಯ ಬಾಗಿಲನ್ನೂ ತಟ್ಟಬೇಕಾದೀತು.

ಆದ್ದರಿಂದ ಮಾಯಾವಾಸ್ತವದ ಬ್ರೌಸರನ್ನು ಕೇವಲ ಒಂದು ಅನುಕೂಲವೆಂದು ಎಣಿಸುವುದು ಸರಿಯಲ್ಲ. ಅದು ಹೊಸ ಸಾಧನಕ್ಕೂ ಹಳೆಯ ಸ್ವಾತಂತ್ರ್ಯಕ್ಕೂ ನಡುವಣ ಸೇತುವೆ. ಅದರ ಸಮಸ್ಯೆಗಳಲ್ಲಿ ಕಾಲದ್ದೂ ನಂಬಿಕೆಯದೂ ಎಲ್ಲರಿಗೂ ಸಮಾನವಾದುವು. ಅವುಗಳನ್ನು ಬಗೆಹರಿಸಲು ಅನೇಕರು ದುಡಿದಿದ್ದಾರೆ. ಅಕ್ಷರದ ಸಮಸ್ಯೆಯ ಒಂದು ಪಾಲು ಮಾತ್ರ ವಿಶೇಷವಾಗಿ ನಮ್ಮದು. ಧಕಾರದ ಬುಡದ ಗೆರೆ ಎಷ್ಟು ಪಿಕ್ಸೆಲ್ಲಿಗೆ ಉಳಿಯುತ್ತದೆ, ಒತ್ತಕ್ಷರವು ಯಾವ ಗಾತ್ರದಲ್ಲಿ ಕೂಡಿಹೋಗುತ್ತದೆ ಎಂಬುದನ್ನು ಅಳೆದು ನೋಡಿ, ಅಂತಹ ಅಳತೆಗಳನ್ನು ಮುಕ್ತ ಬ್ರೌಸರುಗಳನ್ನು ಕಟ್ಟುವವರ ಮುಂದಿಡುವ ಹೊಣೆ ಕನ್ನಡವನ್ನು ಓದುವವರ ಮೇಲೆ ಬೀಳುತ್ತದೆ. ಮೂಲ ಬರಹವು ತೆರೆದಿರುವುದರಿಂದ ಈ ಕೆಲಸಕ್ಕೆ ತಡೆಯಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಇದನ್ನು ಕೈಗೊಳ್ಳುವರೆಂದು ಆಶಿಸುವೆವು.