ನರ್ಸಿಂಗ್ ಮುಗಿಸಿದ ಮಕ್ಕಳ ಮೊದಲ ಸಂಬಳ: ಕಾಗದದಲ್ಲೆಷ್ಟು, ಕೈಗೆಷ್ಟು?



ಕಾಫಿ, ಅಡಿಕೆ, ಮೆಣಸಿನ ಧಾರಣೆಗೂ ಕೊಳೆರೋಗದ ಔಷಧಿಗೂ ಮೀಸಲಾದ ಈ ಪತ್ರಿಕೆಯಲ್ಲಿ ದಾದಿಯರ ಸಂಬಳದ ವಿಚಾರವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ನಮ್ಮ ಸಂಘಕ್ಕೆ ಬರುವ ವಿದ್ಯಾಭ್ಯಾಸದ ಸಾಲದ ಅರ್ಜಿಗಳಲ್ಲಿ ಈಚೆಗೆ ನರ್ಸಿಂಗ್ ಓದಿಗಾಗಿ ಬರುವವು ಹೆಚ್ಚಾಗಿವೆ. ಎರಡು ಮೂರು ಎಕರೆ ತೋಟದ ಸದಸ್ಯರು ಮಗಳನ್ನೋ ಮಗನನ್ನೋ ಮಂಗಳೂರಿಗೆ, ಬೆಂಗಳೂರಿಗೆ ಕಳುಹಿಸುತ್ತಾರೆ. ನಾಲ್ಕು ವರ್ಷ ಕಳೆದರೆ ಕಂತು ತಾನಾಗಿ ತೀರುತ್ತದೆಂಬ ನಂಬಿಕೆಯಲ್ಲಿ ಫಸಲಿನ ಹಣವನ್ನೂ ಅದಕ್ಕೇ ಸುರಿಯುತ್ತಾರೆ. ಆ ನಂಬಿಕೆಯನ್ನು ಯಾರೂ ಲೆಕ್ಕ ಹಾಕಿ ನೋಡಿದಂತೆ ಕಾಣುವುದಿಲ್ಲ. ನಾವೂ ನೋಡಿರಲಿಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇವೆ.

ಕಳೆದ ಮಳೆಗಾಲದಲ್ಲಿ ಸದಸ್ಯರೊಬ್ಬರು ಮಗಳೊಂದಿಗೆ ಸಂಘದ ಕಚೇರಿಗೆ ಬಂದರು. ಬಿ.ಎಸ್ಸಿ. ನರ್ಸಿಂಗ್ ಪ್ರಥಮ ದರ್ಜೆಯಲ್ಲಿ ಮುಗಿಸಿದ ಹುಡುಗಿ. ಕೈಯಲ್ಲಿ ನಗರದ ಖಾಸಗಿ ಆಸ್ಪತ್ರೆಯೊಂದರ ನೇಮಕಾತಿ ಪತ್ರವಿತ್ತು: ತಿಂಗಳಿಗೆ 20,000 ರೂಪಾಯಿ. ನಾಲ್ಕು ವರ್ಷದ ಹಿಂದೆ ಅವರ ಸಾಲಕ್ಕೆ ಶಿಫಾರಸು ಬರೆದವರು ನಾವೇ. ಕಾಲೇಜಿನ ಪರಿಚಯ ಪುಸ್ತಿಕೆಯನ್ನು ನಂಬಿ, "ನಿರೀಕ್ಷಿತ ಆದಾಯ 35,000" ಎಂದು ಕಡತದಲ್ಲಿ ದಾಖಲಿಸಿದ್ದೆವು. ತಂದೆ ಏನೂ ಹೇಳಲಿಲ್ಲ. ಹುಡುಗಿ ಮಾತ್ರ, "ಮಾವ, ಇದರಲ್ಲಿ ಕಂತು ಕಟ್ಟಿ ನಾನು ಊಟ ಮಾಡುವುದು ಹೇಗೆ?" ಎಂದಳು. ಉತ್ತರ ನಮ್ಮಲ್ಲಿರಲಿಲ್ಲ. ಅದನ್ನು ಹುಡುಕಲು ಹೊರಟಾಗ ತಿಳಿದ ಸಂಗತಿಗಳನ್ನು ಇಲ್ಲಿ ಎಲ್ಲರ ಉಪಯೋಗಕ್ಕಾಗಿ ಕೊಡುತ್ತಿದ್ದೇವೆ.

ಸಂಬಳಕ್ಕೂ ಓಟಿ ಇದೆ

50 ಕಿಲೋ ಚೆರ್ರಿ ಮೂಟೆ ಮಾರುವಾಗ ನಾವು ಮೊದಲು ಕೇಳುವುದು ಓಟಿ ಎಷ್ಟು ಎಂದು. 26 ಓಟಿ ಎಂದರೆ ಆ ಮೂಟೆಯಲ್ಲಿ 26 ಕಿಲೋ ಮಾತ್ರ ಬೇಳೆ, ಮಿಕ್ಕದ್ದು ಸಿಪ್ಪೆ. ಇಷ್ಟು ತಿಳಿದ ನಾವು ಮಕ್ಕಳ ಸಂಬಳದ ವಿಷಯದಲ್ಲಿ ಮಾತ್ರ ಮೂಟೆಯ ತೂಕವನ್ನೇ ಬೇಳೆಯ ತೂಕವೆಂದು ತಿಳಿಯುತ್ತೇವೆ. ಪತ್ರದಲ್ಲಿ "ಸಿಟಿಸಿ" ಎಂಬ ಮೂರು ಅಕ್ಷರವಿದ್ದರೆ, ಅದು ನೌಕರರಿಗಾಗಿ ಆಸ್ಪತ್ರೆ ಮಾಡುವ ಒಟ್ಟು ಖರ್ಚು. ಕೈಗೆ ಬರುವ ಹಣವಲ್ಲ.

ಆ ಹುಡುಗಿಯ ಪತ್ರವನ್ನೇ ಬಿಡಿಸಿ ನೋಡೋಣ. 20,000 ರೂಪಾಯಿಯಲ್ಲಿ ಮೂಲ ವೇತನ 10,000. ಅದರ ಮೇಲೆ ಭವಿಷ್ಯ ನಿಧಿಗೆ ಆಸ್ಪತ್ರೆ ಕಟ್ಟಬೇಕಾದ ಶೇಕಡಾ 12ರ ಪಾಲು 1,200. ಇ.ಎಸ್.ಐ.ಗೆ ಆಸ್ಪತ್ರೆಯ ಪಾಲು ಶೇಕಡಾ 3.25ರಂತೆ ಸುಮಾರು 592. ಇವೆರಡೂ ಸಿಟಿಸಿಯೊಳಗೇ ಸೇರಿರುವುದರಿಂದ ಒಟ್ಟು ವೇತನವೆಂದು ಉಳಿಯುವುದು ಹತ್ತಿರ ಹತ್ತಿರ 18,200. ಇದರಿಂದ ಹುಡುಗಿಯ ಪಾಲಿನ ಭವಿಷ್ಯ ನಿಧಿ ಮತ್ತೆ 1,200, ಇ.ಎಸ್.ಐ. ಶೇಕಡಾ 0.75ರಂತೆ 137 ಕಳೆಯುತ್ತದೆ. ಹಾಸ್ಟೆಲು ಮತ್ತು ಊಟದ ಬಾಬ್ತು ಆಸ್ಪತ್ರೆಯೇ ಹಿಡಿದುಕೊಳ್ಳುವುದು 4,500. ಕೊನೆಗೆ ಕೈಗೆ ಬರುವುದು 12,363 ರೂಪಾಯಿ.

ಭವಿಷ್ಯ ನಿಧಿ ಹಾಳಾದ ಹಣವಲ್ಲ, ಮಗುವಿನ ಹೆಸರಿನಲ್ಲೇ ಕೂಡುತ್ತದೆ. ಇ.ಎಸ್.ಐ.ಯೂ ಕಾಯಿಲೆ ಕಸಾಲೆಗೆ ಆಸರೆ, 21,000 ರೂಪಾಯಿವರೆಗಿನ ವೇತನದವರಿಗೆ ಅನ್ವಯಿಸುತ್ತದೆ. ಆದುದರಿಂದ ಇವು ಬೇಡವೆಂದು ಹೇಳುತ್ತಿಲ್ಲ. ಇವುಗಳನ್ನು ಕಳೆಯದೆ "ಇಪ್ಪತ್ತು ಸಾವಿರ" ಎಂದು ಊರೆಲ್ಲ ಹೇಳಿಕೊಂಡು ಕಂತಿನ ಲೆಕ್ಕ ಹಾಕಬಾರದು ಎಂಬುದಷ್ಟೇ ನಮ್ಮ ಅರಿಕೆ.

ಕಂತಿನ ಲೆಕ್ಕ

ನಾಲ್ಕು ಲಕ್ಷ ಸಾಲ ಬಾಕಿ ಇದೆ, ಬಡ್ಡಿ ಶೇಕಡಾ 10, ತೀರುವಳಿ 10 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 5,290 ರೂಪಾಯಿ ಆಗುತ್ತದೆ. ಮೇಲಿನ 12,363ರಲ್ಲಿ ಇದನ್ನು ಕಳೆದರೆ ಉಳಿಯುವುದು ಏಳು ಸಾವಿರ ಚಿಲ್ಲರೆ. ಬಟ್ಟೆ, ಬಸ್ಸು, ಫೋನು, ಊರಿಗೆ ಬಂದು ಹೋಗುವ ಖರ್ಚು ಎಲ್ಲವೂ ಅದರಲ್ಲೇ. ಮನೆಗೆ ಕಳುಹಿಸುವ ಮಾತು ಬಂದೀತೆ?

ಅವಧಿಯನ್ನು 15 ವರ್ಷಕ್ಕೆ ಏರಿಸಿದರೆ ಕಂತು ಸುಮಾರು 4,300ಕ್ಕೆ ಇಳಿಯುತ್ತದೆ. ತಿಂಗಳಿಗೆ ಸಾವಿರದಷ್ಟು ಉಸಿರಾಟ ಸಿಗುವುದು ನಿಜ. ಆದರೆ ಒಟ್ಟಿನಲ್ಲಿ ಕಟ್ಟುವ ಬಡ್ಡಿ ಸುಮಾರು 1,40,000 ರೂಪಾಯಿ ಹೆಚ್ಚುತ್ತದೆ. ದೀರ್ಘಾವಧಿ ತೆಗೆದುಕೊಂಡು, ಸಂಬಳ ಏರಿದ ಮೇಲೆ ಮುಂಚಿತವಾಗಿ ಕಟ್ಟಿ ಮುಗಿಸುವುದು ಈ ಎರಡರ ನಡುವಿನ ದಾರಿ. ಸಾಲ ತೆಗೆಯುವ ದಿನವೇ, ಮುಂಚಿತ ಪಾವತಿಗೆ ದಂಡವಿದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು. ಇನ್ನೊಂದು ಮಾತು: ಓದುವ ನಾಲ್ಕು ವರ್ಷವೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಒಳ್ಳೆಯ ಧಾರಣೆ ಸಿಕ್ಕ ವರ್ಷ ಆ ಬಡ್ಡಿಯನ್ನಾದರೂ ಕಟ್ಟುತ್ತಾ ಬಂದವರಿಗೆ ಕೊನೆಯಲ್ಲಿ ಹೊರೆ ಹಗುರ.

ಎಷ್ಟು ಕೇಳುವುದು ನ್ಯಾಯ?

ಈ ಪ್ರಶ್ನೆಗೆ ದೇಶದಲ್ಲಿ ಒಂದು ಅಳತೆಗೋಲು ಇದೆಯೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಗತಿಯ ಬಗ್ಗೆ ಭಾರತೀಯ ತರಬೇತಾದ ದಾದಿಯರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2016ರ ಜನವರಿಯಲ್ಲಿ ನ್ಯಾಯಾಲಯ, ಈ ಕುರಿತು ಸಮಿತಿಯೊಂದನ್ನು ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ಆ ಸಮಿತಿಯ ಶಿಫಾರಸನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು:

200ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ, ಅದೇ ದರ್ಜೆಯ ರಾಜ್ಯ ಸರ್ಕಾರಿ ದಾದಿಗೆ ಸಿಗುವಷ್ಟೇ ವೇತನ.
100ಕ್ಕೂ ಹೆಚ್ಚು ಹಾಸಿಗೆಯಿದ್ದರೆ, ಅದಕ್ಕಿಂತ ಶೇಕಡಾ 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು.
50ರಿಂದ 100 ಹಾಸಿಗೆಯಿದ್ದರೆ, ಶೇಕಡಾ 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು.
50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ 20,000 ರೂಪಾಯಿಗಿಂತ ಕೆಳಗಿಳಿಯಬಾರದು.

ರಜೆ, ಕೆಲಸದ ವೇಳೆ, ವೈದ್ಯಕೀಯ ಸೌಲಭ್ಯ, ವಸತಿ ಮುಂತಾದವೂ ಸರ್ಕಾರಿ ದಾದಿಯರಿಗೆ ಸಮನಾಗಿರಬೇಕೆಂದು ಸಮಿತಿ ಹೇಳಿತು. ಆದರೆ ಶಿಫಾರಸು ಶಿಫಾರಸೇ. ಅದಕ್ಕೆ ಕಾನೂನಿನ ಬಲ ಕೊಡಬೇಕಾದವು ರಾಜ್ಯ ಸರ್ಕಾರಗಳು. ನೆರೆಯ ಕೇರಳದಲ್ಲಿ 2017ರಲ್ಲಿ ದಾದಿಯರು ದೊಡ್ಡ ಮುಷ್ಕರ ಹೂಡಿದ ಮೇಲೆ, 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ 20,000 ರೂಪಾಯಿಯ ಕನಿಷ್ಠ ಮೂಲ ವೇತನ ಗೊತ್ತುಪಡಿಸಿ ಅಧಿಸೂಚನೆ ಹೊರಡಿಸಿತು. ಸಂಘಟಿತರಾಗಿ ಕೇಳಿದವರಿಗೆ ಸಿಕ್ಕಿತು ಎಂಬುದು ಸಹಕಾರಿಗಳಾದ ನಮಗೆ ಅರ್ಥವಾಗದ ಮಾತೇನಲ್ಲ.

ಗಮನಿಸಿ: ಐವತ್ತು ಹಾಸಿಗೆಯೂ ಇಲ್ಲದ ಸಣ್ಣ ಆಸ್ಪತ್ರೆಗೆಂದು ಸಮಿತಿ ಹೇಳಿದ ಮೊತ್ತವನ್ನೇ, ನಮ್ಮ ಹುಡುಗಿಗೆ ನೂರಾರು ಹಾಸಿಗೆಯ ಆಸ್ಪತ್ರೆ ಕೊಡಹೊರಟಿತ್ತು. ಅದೂ ಸಿಟಿಸಿಯ ಲೆಕ್ಕದಲ್ಲಿ.

ಸರ್ಕಾರಿ ಕೆಲಸ

ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಹುದ್ದೆಯನ್ನು ಈಗ ನರ್ಸಿಂಗ್ ಆಫೀಸರ್ ಎಂದು ಕರೆಯುತ್ತಾರೆ. 7ನೇ ಕೇಂದ್ರ ವೇತನ ಆಯೋಗದ 7ನೇ ಹಂತದಲ್ಲಿ ಇದರ ಆರಂಭದ ಮೂಲ ವೇತನ 44,900 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ, ನರ್ಸಿಂಗ್ ಭತ್ಯೆ ಬೇರೆ. ಏಮ್ಸ್ ಸಂಸ್ಥೆಗಳು ಇದಕ್ಕೆ "ನಾರ್ಸೆಟ್" ಎಂಬ ಸಮಾನ ಪರೀಕ್ಷೆಯನ್ನು 2020ರಿಂದ ನಡೆಸುತ್ತಿವೆ. ಬಿ.ಎಸ್ಸಿ. ಮುಗಿಸಿ ನೋಂದಣಿ ಆದವರು ನೇರವಾಗಿ ಬರೆಯಬಹುದು. ಜಿ.ಎನ್.ಎಂ. ಡಿಪ್ಲೊಮಾದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು.

ಒಂದೇ ಓದು, ಒಂದೇ ಕೆಲಸ. ಆದರೂ ಒಂದು ಬಾಗಿಲಲ್ಲಿ 12,000, ಇನ್ನೊಂದರಲ್ಲಿ 44,900ಕ್ಕೂ ಮೇಲೆ. ಹಾಗೆಂದು ಎರಡನೆಯದನ್ನೇ ಖಚಿತವೆಂದು ಬರೆದುಕೊಂಡರೆ, ಮೊದಲ ಸಿಂಗಾರ ಕಂಡೊಡನೆ ಕ್ವಿಂಟಾಲು ಲೆಕ್ಕ ಹಾಕಿದಂತಾಗುತ್ತದೆ. ದೇಶದ ಎಲ್ಲೆಡೆಯಿಂದ ಬರೆಯುವ ಪರೀಕ್ಷೆ ಅದು. ಖಾಸಗಿ ಕೆಲಸ ಮಾಡುತ್ತಲೇ ಒಂದೆರಡು ವರ್ಷ ಓದಿ ಬರೆಯುವುದು ವಿವೇಕದ ದಾರಿ. ಸರ್ಕಾರಿ ಆಸ್ಪತ್ರೆಗಳಲ್ಲೇ ಗುತ್ತಿಗೆಯ ಹುದ್ದೆಗಳೂ ಇವೆ. ಅವುಗಳ ವೇತನ ಖಾಯಂ ಹುದ್ದೆಯದಲ್ಲ ಎಂಬುದನ್ನೂ ಮರೆಯಬಾರದು.

ಹೊರದೇಶದ ಆಸೆ

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ನೋಂದಾಯಿತ ನರ್ಸ್ ಸೇರುವ 5ನೇ ದರ್ಜೆಯ ಆರಂಭದ ವೇತನ, ಇಂಗ್ಲೆಂಡಿನಲ್ಲಿ 2025-26ನೇ ಸಾಲಿಗೆ ವರ್ಷಕ್ಕೆ 31,049 ಪೌಂಡು. ರೂಪಾಯಿಗೆ ತಿರುಗಿಸಿದರೆ ತಲೆ ತಿರುಗುವ ಮೊತ್ತ. ಆದರೆ ಅಲ್ಲಿನ ಬಾಡಿಗೆ, ತೆರಿಗೆ, ಊಟ ಎಲ್ಲವೂ ಪೌಂಡಿನಲ್ಲೇ. ಇಂಗ್ಲಿಷ್ ಪರೀಕ್ಷೆ, ವೃತ್ತಿಯ ಎರಡು ಪರೀಕ್ಷೆ, ಅಲ್ಲಿನ ಮಂಡಳಿಯ ನೋಂದಣಿ ಆಗುವವರೆಗೆ ಆ ದರ್ಜೆಯೂ ಸಿಗದು. ಈಚಿನ ವರ್ಷಗಳಲ್ಲಿ ಅಲ್ಲಿ ಹೊರಗಿನಿಂದ ಕರೆಸಿಕೊಳ್ಳುವುದನ್ನೂ ಕಡಿಮೆ ಮಾಡಿದ್ದಾರೆ. ಜರ್ಮನಿಗಾದರೆ ಭಾಷೆಯನ್ನೇ ಕಲಿಯಬೇಕು. ಪದವಿಗೆ ಅಲ್ಲಿ ಮಾನ್ಯತೆ ಸಿಗುವ ತನಕ ಸಹಾಯಕಿಯ ಸಂಬಳ ಮಾತ್ರ.

ಏಜೆಂಟರ ವಿಷಯದಲ್ಲಿ ಎರಡು ಮಾತು. ವಲಸೆ ಕಾಯಿದೆಯ ನಿಯಮದಂತೆ ಪರವಾನಗಿ ಪಡೆದ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಬ್ರಿಟನ್ನಿನ ನೇಮಕಾತಿ ಸಂಹಿತೆಯಂತೂ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಶುಲ್ಕ ಪಡೆಯುವುದನ್ನೇ ಒಪ್ಪುವುದಿಲ್ಲ. ಮೂರು ಲಕ್ಷ, ಐದು ಲಕ್ಷ ಕೇಳುವವನ ಮುಂದೆ ತೋಟದ ಪಹಣಿ ಹಿಡಿದು ನಿಲ್ಲುವ ಮೊದಲು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಅವನ ಪರವಾನಗಿ ಇದೆಯೇ ಎಂದು ನೋಡಿ. ನೋಡಲು ತಿಳಿಯದವರು ಸಂಘದ ಕಚೇರಿಗೆ ಬನ್ನಿ. ನಮ್ಮ ಗುಮಾಸ್ತರು ತೆಗೆದು ತೋರಿಸುತ್ತಾರೆ.

ಸಹಿ ಹಾಕುವ ಮುನ್ನ

ಆ ಹುಡುಗಿಯ ಪತ್ರದ ಎರಡನೇ ಪುಟದಲ್ಲಿ ಇನ್ನೂ ಎರಡು ಷರತ್ತುಗಳಿದ್ದವು: ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಗೆ ಒಪ್ಪಿಸುವುದು, ಎರಡು ವರ್ಷದೊಳಗೆ ಬಿಟ್ಟರೆ ಒಂದು ಲಕ್ಷ ಕಟ್ಟುವುದು. ಮೂಲ ದಾಖಲೆ ತೋರಿಸಲು ಇರುವುದೇ ಹೊರತು ಒತ್ತೆಯಿಡಲು ಅಲ್ಲ. ನಕಲು ಕೊಟ್ಟು, ಮೂಲವನ್ನು ತೋರಿಸಿ ಹಿಂದಕ್ಕೆ ಪಡೆಯಬೇಕು. ಇನ್ನು ಬಾಂಡಿನ ವಿಚಾರ. ಎಲ್ಲ ಬಾಂಡೂ ಅಸಿಂಧುವೆಂದು ತಿಳಿಯುವುದು ತಪ್ಪು. ಬರೆದ ಮೊತ್ತವಷ್ಟನ್ನೂ ಕಟ್ಟಲೇಬೇಕೆಂದು ಹೆದರುವುದೂ ತಪ್ಪು. 1872ರ ಕರಾರು ಕಾಯಿದೆಯ 74ನೇ ಕಲಮಿನಂತೆ ನ್ಯಾಯಾಲಯ ಕೊಡಿಸುವುದು ಯುಕ್ತವಾದ ಪರಿಹಾರ ಮಾತ್ರ. ಕರಾರಿನ ಮೊತ್ತ ಅದಕ್ಕೆ ಮೇಲ್ಮಿತಿ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಭತ್ಯೆಗಳ ಹೆಸರಿನಲ್ಲಿ ಮೂಲ ವೇತನವನ್ನು ತೀರಾ ಸಣ್ಣದಾಗಿ ತೋರಿಸಿ ಭವಿಷ್ಯ ನಿಧಿ ಉಳಿಸುವ ಜಾಣತನಕ್ಕೂ ಅವು ಕಡಿವಾಣ ಹಾಕಿವೆ. ಆದ್ದರಿಂದ ಮಕ್ಕಳು ಕೇಳಬೇಕಾದ ಪ್ರಶ್ನೆಗಳು ಇವು: ಕೈಗೆ ಬರುವುದೆಷ್ಟು? ಹಾಸಿಗೆ ಎಷ್ಟು? ರಾತ್ರಿ ಪಾಳಿ ತಿಂಗಳಿಗೆ ಎಷ್ಟು, ಅದಕ್ಕೆ ಬೇರೆ ಭತ್ಯೆ ಉಂಟೆ? ಮೊದಲ ಏರಿಕೆ ಯಾವಾಗ? ಬಿಡುವಾಗ ಅನುಭವ ಪತ್ರವನ್ನು ತಕರಾರಿಲ್ಲದೆ ಕೊಡುತ್ತಾರೆಯೇ? ಕೊನೆಯದು ಬಹಳ ಮುಖ್ಯ. ಮೊದಲ ಎರಡು ವರ್ಷದ ನಿಜವಾದ ಫಸಲು ಆ ಪತ್ರವೇ. ಐ.ಸಿ.ಯು., ಶಸ್ತ್ರಚಿಕಿತ್ಸಾ ಕೊಠಡಿಗಳ ಅನುಭವ ಸಿಗುವ ಕಡೆ ಸಾವಿರ ರೂಪಾಯಿ ಕಡಿಮೆಯಾದರೂ ಸೇರಬಹುದು. ಎಳೆಯ ಅಡಿಕೆ ತೋಟವನ್ನು ಐದಾರು ವರ್ಷ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಘ ಮಾಡುವುದೇನು?

ಇನ್ನು ಮುಂದೆ ನರ್ಸಿಂಗ್ ಸಾಲದ ಅರ್ಜಿಗೆ ಕಾಲೇಜಿನ ಪುಸ್ತಿಕೆಯ ಅಂಕಿಯನ್ನು ಆದಾಯವೆಂದು ಬರೆಯಕೂಡದೆಂದು ಸಾಲ ಉಪಸಮಿತಿ ತೀರ್ಮಾನಿಸಿದೆ. ಅದೇ ಕಾಲೇಜಿನಿಂದ ಹಿಂದಿನ ವರ್ಷ ಹೊರಬಂದ ಇಬ್ಬರ ಸಂಬಳದ ಚೀಟಿಯನ್ನಾದರೂ ನೋಡಿ, ಕೈಗೆ ಬರುವ ಮೊತ್ತದ ಮೂರನೇ ಒಂದು ಭಾಗಕ್ಕೆ ಮೀರದಂತೆ ಕಂತು ಕಟ್ಟಲಾಗುವುದು. ಸಾಲ ಅದಕ್ಕೆ ಹೊಂದದಿದ್ದರೆ ಅರ್ಜಿಯ ದಿನವೇ ಹೇಳುತ್ತೇವೆ. ಆ ದಿನದ ನಿಷ್ಠುರ ನಾಲ್ಕು ವರ್ಷದ ನಂತರದ ಕಣ್ಣೀರಿಗಿಂತ ಲೇಸು.

ಆ ಹುಡುಗಿ ಮೂಲ ಅಂಕಪಟ್ಟಿ ಕೊಡಲೊಪ್ಪದೆ ಆ ಪತ್ರವನ್ನು ಹಿಂದಿರುಗಿಸಿದಳು. ಒಂದೂವರೆ ತಿಂಗಳು ಮನೆಯಲ್ಲಿದ್ದು, ಬಳಿಕ ಬೇರೊಂದು ಆಸ್ಪತ್ರೆ ಸೇರಿದ್ದಾಳೆ. ಕೈಗೆ ಬರುವುದು ಇನ್ನೂ 17,000 ಮುಟ್ಟಿಲ್ಲ. ಕಂತನ್ನು ಅರ್ಧ ಅವಳು, ಅರ್ಧ ತಂದೆ ಕಟ್ಟುತ್ತಿದ್ದಾರೆ. ನಾರ್ಸೆಟ್‌ಗೆ ಓದುತ್ತಿದ್ದಾಳೆ. ನರ್ಸಿಂಗ್ ಓದಿಸಬೇಡಿರೆಂದು ನಾವು ಹೇಳುತ್ತಿಲ್ಲ. ಓದಿಸಿ, ಆದರೆ ಓಟಿ ನೋಡಿ ಓದಿಸಿ.

— ಕಾರ್ಯದರ್ಶಿ