ಫ್ರಾಂಟ್ಸ್, ಬವೇರಿಯಾದ ಡ್ಯೂಕ್

ಫ್ರಾಂಟ್ಸ್, ಬವೇರಿಯಾದ ಡ್ಯೂಕ್ (ಜನನ: 14 ಜುಲೈ 1933, ಮ್ಯೂನಿಕ್) ಜರ್ಮನಿಯ ವಿಟೆಲ್ಸ್‌ಬಾಖ್ ರಾಜಮನೆತನದವರು. 1996ರಲ್ಲಿ ತಂದೆಯ ನಿಧನಾನಂತರ ಇವರು ಆ ಮನೆತನದ ಯಜಮಾನಿಕೆಯನ್ನು ವಹಿಸಿಕೊಂಡರು. ಬವೇರಿಯಾದ ಕೊನೆಯ ದೊರೆ ಮೂರನೆಯ ಲುಡ್ವಿಗ್ ಇವರ ಮುತ್ತಜ್ಜ. ಬಾಲ್ಯದಲ್ಲಿ ನಾಜಿ ಯಾತನಾ ಶಿಬಿರಗಳಲ್ಲಿ ಕುಟುಂಬದೊಂದಿಗೆ ಸೆರೆಯಾಗಿದ್ದು ಬದುಕುಳಿದ ಫ್ರಾಂಟ್ಸ್, ಮುಂದೆ ಆಧುನಿಕ ಕಲೆಯ ಸಂಗ್ರಾಹಕರಾಗಿ ಹೆಸರು ಪಡೆದರು.

ಮನೆತನದ ಹಿನ್ನೆಲೆ

ವಿಟೆಲ್ಸ್‌ಬಾಖ್ ಮನೆತನವು 1180ರಿಂದ 1918ರವರೆಗೆ, ಅಂದರೆ ಏಳು ಶತಮಾನಗಳಿಗೂ ಹೆಚ್ಚು ಕಾಲ, ಬವೇರಿಯಾವನ್ನು ಆಳಿತು. ಮೊದಲು ಡ್ಯೂಕರಾಗಿದ್ದ ಇವರು 1806ರಲ್ಲಿ ರಾಜಪದವಿಯನ್ನು ಪಡೆದರು. ಮೊದಲನೆಯ ಮಹಾಯುದ್ಧದ ಅಂತ್ಯದಲ್ಲಿ, 1918ರ ನವೆಂಬರಿನಲ್ಲಿ, ಮ್ಯೂನಿಕ್‌ನಲ್ಲಿ ಕ್ರಾಂತಿ ನಡೆದು ಕುರ್ಟ್ ಐಸ್ನರ್ ಅವರ ನೇತೃತ್ವದಲ್ಲಿ ಗಣರಾಜ್ಯ ಘೋಷಣೆಯಾಯಿತು. ದೊರೆ ಮೂರನೆಯ ಲುಡ್ವಿಗ್ ರಾಜಧಾನಿಯನ್ನು ತೊರೆದರು. ಸೈನಿಕರನ್ನೂ ಅಧಿಕಾರಿಗಳನ್ನೂ ತಮಗೆ ನೀಡಿದ್ದ ಪ್ರಮಾಣದಿಂದ ಅವರು ಬಿಡುಗಡೆಗೊಳಿಸಿದರಾದರೂ ವಿಧ್ಯುಕ್ತವಾಗಿ ಸಿಂಹಾಸನವನ್ನು ತ್ಯಜಿಸಲಿಲ್ಲ. 1921ರಲ್ಲಿ ಅವರು ಹಂಗೆರಿಯಲ್ಲಿ ನಿಧನರಾದರು. ಅವರ ಮಗ ಯುವರಾಜ ರುಪ್ರೆಖ್ಟ್, ಫ್ರಾಂಟ್ಸ್ ಅವರ ಅಜ್ಜ.

ಬಿರುದಿನ ಕಾನೂನುಬದ್ಧ ಸ್ಥಾನ

ಇಂದಿನ ಜರ್ಮನಿಯಲ್ಲಿ 'ಡ್ಯೂಕ್', 'ಪ್ರಿನ್ಸ್' ಮುಂತಾದ ಪದಗಳು ಅಧಿಕಾರವನ್ನಾಗಲಿ ವಿಶೇಷ ಹಕ್ಕನ್ನಾಗಲಿ ಸೂಚಿಸುವುದಿಲ್ಲ. 1919ರ ವೈಮಾರ್ ಸಂವಿಧಾನದ 109ನೆಯ ವಿಧಿಯು ಹುಟ್ಟಿನಿಂದ ಬರುವ ಸವಲತ್ತುಗಳನ್ನು ರದ್ದುಗೊಳಿಸಿತು. ಹಳೆಯ ಬಿರುದುಗಳನ್ನು ಹೆಸರಿನ ಭಾಗವಾಗಿ ಉಳಿಸಿಕೊಳ್ಳಲು ಮಾತ್ರ ಅವಕಾಶ ನೀಡಿತು. ಆದುದರಿಂದ 'ಬವೇರಿಯಾದ ಡ್ಯೂಕ್' ಎಂಬುದು ಕಾನೂನಿನ ದೃಷ್ಟಿಯಲ್ಲಿ ಒಂದು ಕುಲನಾಮವಷ್ಟೇ. ಮನೆತನದ ಯಜಮಾನಿಕೆ, ಉತ್ತರಾಧಿಕಾರ ಮುಂತಾದವು ಕುಟುಂಬದ ಒಳಗಿನ ಸಂಪ್ರದಾಯಗಳು. ಇವಕ್ಕೆ ಸರ್ಕಾರದ ಮಾನ್ಯತೆಯಿಲ್ಲ.

ಜನನ ಮತ್ತು ತಂದೆತಾಯಿ

ಫ್ರಾಂಟ್ಸ್ ಅವರ ತಂದೆ ಆಲ್‌ಬ್ರೆಖ್ಟ್ (1905–1996). ತಾಯಿ ಮರಿಯಾ, ಕ್ರೊಯೇಷಿಯಾದ ದ್ರಾಶ್ಕೊವಿಚ್ ಎಂಬ ಕೌಂಟ್ ಮನೆತನದವರು. ಇವರ ವಿವಾಹ 1930ರಲ್ಲಿ ನಡೆಯಿತು. ಅವಳಿ ಹೆಣ್ಣುಮಕ್ಕಳಾದ ಮರೀ ಗಾಬ್ರಿಯೆಲ್ ಮತ್ತು ಮರೀ ಶಾರ್ಲೊಟ್ 1931ರಲ್ಲಿಯೂ, ಫ್ರಾಂಟ್ಸ್ 1933ರಲ್ಲಿಯೂ, ಕಿರಿಯ ಮಗ ಮಾಕ್ಸ್ ಎಮಾನುಯೆಲ್ 1937ರಲ್ಲಿಯೂ ಜನಿಸಿದರು.

ಮನೆತನದ ಹಳೆಯ ಕಟ್ಟಳೆಯಂತೆ ರಾಜಕುಮಾರರು ಸಮಾನ ಅಂತಸ್ತಿನ ರಾಜವಂಶದಲ್ಲಿಯೇ ವಿವಾಹವಾಗಬೇಕಾಗಿತ್ತು. ಕೌಂಟ್ ಮನೆತನದ ಹೆಣ್ಣನ್ನು ತಂದ ಕಾರಣ ಆಲ್‌ಬ್ರೆಖ್ಟರ ಮದುವೆಯನ್ನು ಮೊದಲಿಗೆ ಸಮಾನವೆಂದು ಪರಿಗಣಿಸಿರಲಿಲ್ಲ. ಹೀಗಾಗಿ ಮುಂದೆ ಮನೆತನದ ಯಜಮಾನರಾದ ಫ್ರಾಂಟ್ಸ್, ಹುಟ್ಟಿದಾಗ ಉತ್ತರಾಧಿಕಾರದ ಸಾಲಿನಲ್ಲಿಯೇ ಇರಲಿಲ್ಲ. 1949ರಲ್ಲಿ ಅಜ್ಜ ರುಪ್ರೆಖ್ಟ್ ಈ ವಿವಾಹಕ್ಕೆ ಪೂರ್ಣ ಮಾನ್ಯತೆ ನೀಡಿದ ಮೇಲೆ ಮೊಮ್ಮಕ್ಕಳಿಗೂ ಆ ಸ್ಥಾನ ದೊರೆಯಿತು. ಆ ವೇಳೆಗೆ ಸಿಂಹಾಸನವಿಲ್ಲದೆ ಮೂರು ದಶಕಗಳು ಕಳೆದಿದ್ದವು. ಆದರೆ ಅದೇ ಮನೆತನದ ಹೆಸರಿಗಾಗಿ ಈ ಮಕ್ಕಳು ಅಷ್ಟರಲ್ಲಾಗಲೇ ಸೆರೆವಾಸವನ್ನು ಅನುಭವಿಸಿಯಾಗಿತ್ತು.

ವಲಸೆ ಮತ್ತು ಸೆರೆವಾಸ

ರುಪ್ರೆಖ್ಟ್ ಮತ್ತು ಆಲ್‌ಬ್ರೆಖ್ಟ್ ಇಬ್ಬರೂ ಹಿಟ್ಲರನ ಆಡಳಿತವನ್ನು ವಿರೋಧಿಸಿದರು. ಆಲ್‌ಬ್ರೆಖ್ಟ್ ನಾಜಿ ಪಕ್ಷವನ್ನು ಸೇರಲು ಒಪ್ಪಲಿಲ್ಲ. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ರುಪ್ರೆಖ್ಟ್ ಇಟಲಿಗೆ ಹೋಗಿ ನೆಲೆಸಿದರು. ಆಲ್‌ಬ್ರೆಖ್ಟ್ ಹೆಂಡತಿ ಮಕ್ಕಳೊಂದಿಗೆ ಹಂಗೆರಿಯಲ್ಲಿ ಆಶ್ರಯ ಪಡೆದರು. 1944ರ ಮಾರ್ಚಿಯಲ್ಲಿ ಜರ್ಮನ್ ಸೈನ್ಯ ಹಂಗೆರಿಯನ್ನು ಆಕ್ರಮಿಸಿದುದರಿಂದ ಆ ಆಶ್ರಯವೂ ಭದ್ರವಾಗಿ ಉಳಿಯಲಿಲ್ಲ.

1944ರ ಅಕ್ಟೋಬರಿನಲ್ಲಿ ಇಡೀ ಕುಟುಂಬವನ್ನು ಬಂಧಿಸಲಾಯಿತು. ಆಗ ಫ್ರಾಂಟ್ಸ್‌ಗೆ ಹನ್ನೊಂದು ವರ್ಷ, ತಮ್ಮ ಮಾಕ್ಸ್‌ಗೆ ಏಳು ವರ್ಷ. ಬರ್ಲಿನ್ ಸಮೀಪದ ಓರಾನಿಯೆನ್‌ಬುರ್ಗ್‌ನಲ್ಲಿದ್ದ ಜಾಕ್ಸೆನ್‌ಹೌಸೆನ್, ಅನಂತರ ಫ್ಲೊಸೆನ್‌ಬ್ಯುರ್ಗ್, ಕೊನೆಗೆ ಡಾಖೌ – ಹೀಗೆ ಒಂದು ಯಾತನಾ ಶಿಬಿರದಿಂದ ಇನ್ನೊಂದಕ್ಕೆ ಅವರನ್ನು ಸಾಗಿಸಲಾಯಿತು. ಅವರು 'ವಿಶೇಷ ಕೈದಿಗಳ' ವರ್ಗಕ್ಕೆ ಸೇರಿದ್ದರು. ರಾಜಕೀಯ ವಿರೋಧಿಯ ಅಪರಾಧಕ್ಕೆ ಅವನ ಬಂಧುಗಳನ್ನೂ ಹೊಣೆ ಮಾಡುವ ಪದ್ಧತಿ ಆಗ ಜರ್ಮನಿಯಲ್ಲಿ ವ್ಯಾಪಕವಾಗಿತ್ತು. ರುಪ್ರೆಖ್ಟರು ಇಟಲಿಯಲ್ಲಿ ತಲೆಮರೆಸಿಕೊಂಡಿದ್ದುದರಿಂದ ಸೆರೆ ಸಿಗಲಿಲ್ಲ. ಆದರೆ ಅವರ ಎರಡನೆಯ ಪತ್ನಿ ಆಂಟೋನಿಯಾ ಮತ್ತು ಹೆಣ್ಣುಮಕ್ಕಳು ಶಿಬಿರಗಳ ಪಾಲಾದರು. 1945ರ ಏಪ್ರಿಲ್ ಕೊನೆಯ ವೇಳೆಗೆ ಅಮೆರಿಕದ ಸೈನ್ಯ ಮುಂದುವರಿದು ಬಂದಾಗ ಆಲ್‌ಬ್ರೆಖ್ಟರ ಕುಟುಂಬಕ್ಕೆ ಬಿಡುಗಡೆ ದೊರೆಯಿತು. ಆಂಟೋನಿಯಾ ಅವರು ಬದುಕುಳಿದರೂ ಮತ್ತೆ ಜರ್ಮನಿಯಲ್ಲಿ ನೆಲೆಸಲಿಲ್ಲ.

ಶಿಕ್ಷಣ

ಯುದ್ಧಾನಂತರ ಫ್ರಾಂಟ್ಸ್ ಬವೇರಿಯಾದ ಎಟ್ಟಾಲ್‌ನಲ್ಲಿರುವ ಬೆನೆಡಿಕ್ಟೈನ್ ಮಠದ ಶಾಲೆಯಲ್ಲಿ ಓದಿದರು. ಬಳಿಕ ಮ್ಯೂನಿಕ್ ಮತ್ತು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವಾಣಿಜ್ಯ ನಿರ್ವಹಣೆಯನ್ನು ಅಭ್ಯಾಸ ಮಾಡಿದರು.

ಮನೆತನದ ಆಸ್ತಿ ಮತ್ತು 1923ರ ಒಪ್ಪಂದ

ರಾಜಪ್ರಭುತ್ವ ಕೊನೆಗೊಂಡಾಗ ಯಾವ ಆಸ್ತಿ ರಾಜ್ಯದ್ದು, ಯಾವುದು ರಾಜಕುಟುಂಬದ್ದು ಎಂಬ ಪ್ರಶ್ನೆ ಎದುರಾಯಿತು. 1923ರಲ್ಲಿ ಬವೇರಿಯಾ ಸರ್ಕಾರ ಮತ್ತು ಮನೆತನದ ನಡುವೆ ಆದ ಒಪ್ಪಂದ ಇದನ್ನು ಇತ್ಯರ್ಥಗೊಳಿಸಿತು. ಅದರಂತೆ 'ವಿಟೆಲ್ಸ್‌ಬಾಖ್ ಪರಿಹಾರ ನಿಧಿ' ಎಂಬ ಪ್ರತಿಷ್ಠಾನ ರೂಪುಗೊಂಡಿತು. ಅರಮನೆ, ಅರಣ್ಯ, ಕಲಾಕೃತಿಗಳು ಈ ನಿಧಿಯ ಒಡೆತನದಲ್ಲಿವೆ. ಕುಟುಂಬದವರಿಗೆ ಇದರ ಆದಾಯದಲ್ಲಿ ಪಾಲುಂಟು, ಆದರೆ ಯಾರೂ ವೈಯಕ್ತಿಕ ಒಡೆಯರಲ್ಲ.

ಎದುರುಬದುರಾಗಿ ನಿಂತಿರುವ ಎರಡು ಪ್ರಸಿದ್ಧ ಕೋಟೆಮನೆಗಳು ಈ ಹಂಚಿಕೆಗೆ ಒಳ್ಳೆಯ ನಿದರ್ಶನ. ಎರಡನೆಯ ಲುಡ್ವಿಗ್ ಕಟ್ಟಿಸಿದ ನಾಯ್‌ಶ್ವಾನ್‌ಸ್ಟೈನ್ ರಾಜ್ಯದ ಪಾಲಿಗೆ ಬಂದಿತು. ಅದರ ಸಮೀಪದ ಹೋಹೆನ್‌ಶ್ವಾಂಗೌ ನಿಧಿಗೆ ಸೇರಿತು. ಒಂದನೆಯ ಲುಡ್ವಿಗ್ ಸಂಗ್ರಹಿಸಿದ ಚಿತ್ರಗಳು ನಿಧಿಯ ಸೊತ್ತಾಗಿದ್ದರೂ ಮ್ಯೂನಿಕ್‌ನ ಸಾರ್ವಜನಿಕ ವಸ್ತುಸಂಗ್ರಹಾಲಯಗಳಲ್ಲಿಯೇ ಇವೆ. ನಿಧಿಯು 2011ರಲ್ಲಿ ಹೋಹೆನ್‌ಶ್ವಾಂಗೌ ಗ್ರಾಮದಲ್ಲಿ ಬವೇರಿಯಾದ ದೊರೆಗಳ ವಸ್ತುಸಂಗ್ರಹಾಲಯವನ್ನು ತೆರೆಯಿತು. ಫ್ರಾಂಟ್ಸ್ ಅವರು ವಾಸಿಸುವ ಮ್ಯೂನಿಕ್‌ನ ನಿಂಫೆನ್‌ಬುರ್ಗ್ ಅರಮನೆ ಸಹ ರಾಜ್ಯದ ಆಸ್ತಿ. ಅದರ ಒಂದು ಭಾಗದಲ್ಲಿ ಮನೆತನಕ್ಕೆ ವಾಸದ ಹಕ್ಕಿದೆ.

ಕಲಾಸಂಗ್ರಹ

ಪೂರ್ವಿಕರು ತಮ್ಮ ಕಾಲದ ಕಲೆಯನ್ನು ಪೋಷಿಸಿದಂತೆ ಫ್ರಾಂಟ್ಸ್ ತಮ್ಮ ಕಾಲದ ಕಲೆಯನ್ನು ಆರಿಸಿಕೊಂಡರು. ಯುದ್ಧಾನಂತರದ ಜರ್ಮನ್ ಕಲಾವಿದರಾದ ಯೋಸೆಫ್ ಬಾಯ್ಸ್, ಗೆಯೋರ್ಗ್ ಬಾಸೆಲಿಟ್ಸ್, ಜಿಗ್ಮಾರ್ ಪೋಲ್ಕೆ, ಬ್ಲಿಂಕಿ ಪಲೆರ್ಮೊ ಮುಂತಾದವರ ಕೃತಿಗಳು ಅವರ ಸಂಗ್ರಹದಲ್ಲಿದ್ದವು. ನಾಜಿಗಳು ಆಧುನಿಕ ಕಲೆಯನ್ನು 'ಅಧಃಪತಿತ ಕಲೆ' ಎಂದು ಹೀನೈಸಿ ಪ್ರದರ್ಶಿಸಿದ್ದು 1937ರಲ್ಲಿ, ಇದೇ ಮ್ಯೂನಿಕ್‌ನಲ್ಲಿ. ಆ ಹಿನ್ನೆಲೆಯಲ್ಲಿ, ಹೊಸ ಕಲೆಯನ್ನು ಅದೇ ನಗರದ ಸಾರ್ವಜನಿಕ ಸಂಗ್ರಹಾಲಯಗಳಿಗೆ ತಂದ ಈ ಕಾರ್ಯಕ್ಕೆ ವಿಶೇಷ ಮಹತ್ತ್ವವಿದೆ. 1984ರಲ್ಲಿ ಈ ಸಂಗ್ರಹವು ಬವೇರಿಯಾದ ರಾಜ್ಯ ಚಿತ್ರಸಂಗ್ರಹಾಲಯಗಳ ಸುಪರ್ದಿಗೆ ಬಂದಿತು. 2002ರಲ್ಲಿ ತೆರೆದ 'ಪಿನಾಕೋಟೆಕ್ ಡೆರ್ ಮೊಡೆರ್ನೆ' ಇಂತಹ ಕೃತಿಗಳಿಗೆ ಶಾಶ್ವತ ನೆಲೆ ಒದಗಿಸಿತು. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದ ಅಂತರರಾಷ್ಟ್ರೀಯ ಮಂಡಳಿಯಲ್ಲಿಯೂ ಫ್ರಾಂಟ್ಸ್ ಸೇವೆ ಸಲ್ಲಿಸಿದ್ದಾರೆ.

ವೈಯಕ್ತಿಕ ಜೀವನ

ಫ್ರಾಂಟ್ಸ್ ಅವರು ವಿವಾಹವಾಗಲಿಲ್ಲ, ಅವರಿಗೆ ಮಕ್ಕಳಿಲ್ಲ. 1980ರಿಂದ ಥೋಮಾಸ್ ಗ್ರೈನ್‌ವಾಲ್ಡ್ ಅವರ ಜೀವನಸಂಗಾತಿಯಾಗಿದ್ದಾರೆ. ಹಲವು ವರ್ಷ ಆಪ್ತವಲಯಕ್ಕೆ ಮಾತ್ರ ತಿಳಿದಿದ್ದ ಈ ಸಂಬಂಧವನ್ನು ಇಳಿವಯಸ್ಸಿನಲ್ಲಿ ಅವರು ಬಹಿರಂಗವಾಗಿ ತಿಳಿಸಿದರು. 2023ರಲ್ಲಿ, ತಮ್ಮ ತೊಂಬತ್ತನೆಯ ವರ್ಷದಲ್ಲಿ, ಆತ್ಮಕಥೆಯನ್ನು ಪ್ರಕಟಿಸಿದರು. ಅದರ ಜರ್ಮನ್ ಶೀರ್ಷಿಕೆಗೆ 'ಮೊದಲ ಸಾಲಿನ ಪ್ರೇಕ್ಷಕ' ಎಂಬರ್ಥ ಬರುತ್ತದೆ.

ಉತ್ತರಾಧಿಕಾರ

ಮನೆತನದ ಸಂಪ್ರದಾಯದಂತೆ ಯಜಮಾನಿಕೆಯು ಗಂಡು ಸಂತತಿಯಲ್ಲಿ ಸಾಗುತ್ತದೆ. ಫ್ರಾಂಟ್ಸ್ ಅವರ ಬಳಿಕದ ಸ್ಥಾನ ತಮ್ಮ ಮಾಕ್ಸ್ ಎಮಾನುಯೆಲ್ ಅವರದು. 1965ರಲ್ಲಿ ಮಾಕ್ಸ್ ಅವರನ್ನು ಮನೆತನದ ಕಿರಿಯ ಶಾಖೆಯ ಡ್ಯೂಕ್ ಲುಡ್ವಿಗ್ ವಿಲ್‌ಹೆಲ್ಮ್ ದತ್ತು ತೆಗೆದುಕೊಂಡರು. ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಜಬೆತ್ ('ಸಿಸಿ') ಹುಟ್ಟಿದ್ದು ಇದೇ ಶಾಖೆಯಲ್ಲಿ. ಮಾಕ್ಸ್ ಅವರಿಗೆ ಐವರು ಹೆಣ್ಣುಮಕ್ಕಳು. ಹಿರಿಯವರಾದ ಸೋಫೀ 1993ರಲ್ಲಿ ಲಿಕ್ಟನ್‌ಸ್ಟೈನ್‌ನ ಯುವರಾಜ ಆಲೋಯಿಸ್ ಅವರನ್ನು ವಿವಾಹವಾದರು.

ಸೋದರರಿಬ್ಬರಿಗೂ ಗಂಡುಮಕ್ಕಳಿಲ್ಲದ ಕಾರಣ ಅನಂತರದ ಸ್ಥಾನವು ಮೂರನೆಯ ಲುಡ್ವಿಗ್ ಅವರ ಇನ್ನೊಬ್ಬ ಮರಿಮಗ ಲುಯಿಟ್‌ಪೋಲ್ಡ್ (ಜನನ 1951) ಅವರಿಗೆ ಸೇರುತ್ತದೆ. ಇವರು ಕಾಲ್ಟೆನ್‌ಬೆರ್ಗ್‌ನ ಬಿಯರ್ ತಯಾರಿಕಾ ಉದ್ಯಮದಿಂದ ಪರಿಚಿತರು. ಇವರ ಮಗ ಲುಡ್ವಿಗ್ (ಜನನ 1982) ಕೆನ್ಯಾದ ತುರ್ಕಾನಾ ಪ್ರದೇಶದ ಯುವಜನರಿಗೆ ಕಂಪ್ಯೂಟರ್ ಕೌಶಲ ಕಲಿಸುವ ಯೋಜನೆಯಲ್ಲಿ ತೊಡಗಿದ್ದಾರೆ. ಇವರ ವಿವಾಹ 2023ರ ಮೇ ತಿಂಗಳಿನಲ್ಲಿ ಮ್ಯೂನಿಕ್‌ನ ಥಿಯಾಟೈನ್ ಚರ್ಚಿನಲ್ಲಿ ನೆರವೇರಿತು.

ಸ್ಟುವರ್ಟ್ ವಂಶದ ಸಂಬಂಧ

1688ರಲ್ಲಿ ಇಂಗ್ಲೆಂಡಿನ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್ ಪದಚ್ಯುತನಾದನು. ಅವನ ಪಕ್ಷದವರನ್ನು ಜಾಕೊಬೈಟರು ಎಂದು ಕರೆಯುತ್ತಾರೆ. 1807ರಲ್ಲಿ ಜೇಮ್ಸನ ನೇರ ಸಂತತಿ ಕೊನೆಗೊಂಡ ಬಳಿಕ, ಅವರ ಲೆಕ್ಕದಂತೆ ಹಕ್ಕು ಒಂದನೆಯ ಚಾರ್ಲ್ಸನ ಮಗಳು ಹೆನ್ರಿಯೆಟಾಳ ವಂಶಜರಿಗೆ ಸಂದಿತು. ಆ ವಂಶದಲ್ಲಿ ಹುಟ್ಟಿದ ಮರಿಯಾ ತೆರೆಸಾ, ಮೂರನೆಯ ಲುಡ್ವಿಗ್ ಅವರ ರಾಣಿ. ಈ ಕಾರಣದಿಂದ ಕೆಲವರು ಫ್ರಾಂಟ್ಸ್ ಅವರನ್ನು ಬ್ರಿಟಿಷ್ ಸಿಂಹಾಸನದ ಹಕ್ಕುದಾರರೆಂದು ಭಾವಿಸುತ್ತಾರೆ. ಸ್ವತಃ ಫ್ರಾಂಟ್ಸ್ ಅಂತಹ ಯಾವುದೇ ಹಕ್ಕನ್ನು ಎಂದೂ ಮಂಡಿಸಿಲ್ಲ.