ಮಾರೆವು, ಬಾಡಿಗೆಗೆ ಕೊಡೆವು, ಕೆಡವೆವು

ಜಪಾನಿನಲ್ಲಿ ಇಂದಿನ ಟೋಕಿಯೋ ನಗರಕ್ಕೆ ಎದೋ ಎಂಬ ಹೆಸರಿದ್ದ ಕಾಲದಲ್ಲಿ, ಅಲ್ಲಿಂದ ಚಕ್ರವರ್ತಿಯ ಬೀಡಾದ ಕ್ಯೋಟೋವಿಗೆ ಎರಡು ರಾಜಮಾರ್ಗಗಳಿದ್ದವು. ಒಂದು ಕಡಲತೀರವನ್ನು ಹಿಡಿದು ಸಾಗುತ್ತಿದ್ದ ತೋಕಾಯ್‌ದೋ. ಇನ್ನೊಂದು ಬೆಟ್ಟಗಳ ನಡುವೆ ಹಾದು ಹೋಗುತ್ತಿದ್ದ ನಕಾಸೆಂದೋ. ಮೊದಲನೆಯದರಲ್ಲಿ 53 ತಂಗುದಾಣಗಳು, ಎರಡನೆಯದರಲ್ಲಿ 69. ಸುಮಾರು 530 ಕಿಲೋಮೀಟರುಗಳ ಈ ಬೆಟ್ಟದ ಹಾದಿ ಹೆಚ್ಚು ದೂರವಾದರೂ ಅದನ್ನೇ ಆರಿಸಿಕೊಳ್ಳುವವರು ಕಡಿಮೆಯಿರಲಿಲ್ಲ. ಕಡಲ ದಾರಿಯಲ್ಲಿ ಸೇತುವೆಯಿಲ್ಲದ ದೊಡ್ಡ ಹೊಳೆಗಳಿದ್ದವು. ಮಳೆ ಹಿಡಿದರೆ ಯಾತ್ರಿಕನು ದಿನಗಟ್ಟಲೆ ದಡದಲ್ಲಿಯೇ ಕಾದು ಕುಳಿತಿರಬೇಕಾಗುತ್ತಿತ್ತು. ಬೆಟ್ಟದ ದಾರಿಯಲ್ಲಿ ಕಾಲು ನೋಯುತ್ತಿತ್ತು, ಆದರೆ ನಡಿಗೆ ನಿಲ್ಲುತ್ತಿರಲಿಲ್ಲ.

ಈ ನಕಾಸೆಂದೋ ಮಾರ್ಗದಲ್ಲಿ ಕಿಸೋ ನದಿಯ ಕಣಿವೆಯನ್ನು ಅನುಸರಿಸುವ ಭಾಗಕ್ಕೆ ಕಿಸೋ ದಾರಿ ಎಂದೇ ಪ್ರತ್ಯೇಕ ಹೆಸರು. ಅದರಲ್ಲಿ ಹನ್ನೊಂದು ತಂಗುದಾಣಗಳಿವೆ. ದಕ್ಷಿಣದ ಕೊನೆಯಲ್ಲಿರುವ ತ್ಸುಮಾಗೊ ಮತ್ತು ಮಾಗೋಮೆ ಎಂಬ ಎರಡು ಹಳ್ಳಿಗಳ ನಡುವಿನ ಎಂಟು ಕಿಲೋಮೀಟರು ಕಾಲುದಾರಿಯನ್ನು ತುಳಿಯಲು ಇಂದು ಲೋಕದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಹಾಗೆಂದು ಇದೇನೂ ಹಿಮಶಿಖರಗಳನ್ನೇರುವ ಸಾಹಸವಲ್ಲ. ದಾರಿಯ ಅತಿ ಎತ್ತರದ ಸ್ಥಳವಾದ ಮಾಗೋಮೆ ಘಾಟಿಯ ಎತ್ತರ ಕೇವಲ 801 ಮೀಟರು. ಸಾಧಾರಣ ಆರೋಗ್ಯವುಳ್ಳ ಯಾರೂ ಎರಡು ಮೂರು ಗಂಟೆಗಳಲ್ಲಿ ನಡೆದು ಮುಗಿಸಬಹುದು.

ಮಾಗೋಮೆಯ ಬೀದಿಯೆಂದರೆ ಚಪ್ಪಡಿ ಹಾಸಿದ ಒಂದು ಕಡಿದಾದ ಏರು. ಇಕ್ಕೆಲಗಳಲ್ಲಿ ಮರದ ಜಾಲಂಧ್ರಗಳ ಮನೆಗಳು. ಪಕ್ಕದ ಕಾಲುವೆಯಲ್ಲಿ ಸದಾ ಹರಿಯುವ ನೀರು. ಹಿಂದಿರುಗಿ ನೋಡಿದರೆ 2,191 ಮೀಟರು ಎತ್ತರದ ಎನಾ ಪರ್ವತವು ಊರಿಗೆ ಕಾವಲುನಿಂತಂತೆ ತೋರುತ್ತದೆ. ದೃಶ್ಯವೇನೋ ಮನೋಹರವೇ. ಆದರೆ 1895ರ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋಯಿತು; ಇಂದು ಕಾಣುವ ಹಳೆಯ ಚೆಲುವಿನಲ್ಲಿ ಆಮೇಲೆ ಕಟ್ಟಿದ್ದೇ ಹೆಚ್ಚು. ನಿಜವಾದ ಹಳತನ್ನು ಕಾಣಬಯಸುವವನು ಘಾಟಿಯನ್ನು ದಾಟಿ ಆಚೆಗೆ ಇಳಿಯಬೇಕು.

ಏರು ಸುಮಾರು ಎರಡು ಕಿಲೋಮೀಟರು, ಉಳಿದದ್ದೆಲ್ಲ ಇಳಿಜಾರು. ಮೇಲೆ ದಟ್ಟವಾದ ನೆರಳು, ಕೆಳಗೆ ಪಾಚಿ ಹಿಡಿದ ಕಲ್ಲುಗಳು, ಅಲ್ಲಲ್ಲಿ ಮರದ ಕಿರುಸೇತುವೆಗಳು. ಹಾದಿಯ ಪಕ್ಕದಲ್ಲಿ ಕಂಬಕ್ಕೆ ಕಟ್ಟಿದ ಗಂಟೆಗಳನ್ನು ಕಂಡು ಹೊಸಬನು ಯಾವುದೋ ದೇವರ ಗುಡಿ ಸಮೀಪಿಸಿತೆಂದು ಭಾವಿಸುವುದುಂಟು. ಅವು ಕರಡಿಗಳಿಗಾಗಿ ಇಟ್ಟಿರುವ ಗಂಟೆಗಳು. ಮನುಷ್ಯನ ಸುಳಿವು ಮೊದಲೇ ತಿಳಿದರೆ ಕರಡಿಯು ತಾನಾಗಿ ದೂರ ಸರಿಯುತ್ತದೆಂಬುದು ಅಲ್ಲಿಯವರ ಅನುಭವ. ಎಂತಹ ಗಂಭೀರ ಪುರುಷನಾದರೂ ಒಬ್ಬನೇ ಹೋಗುವಾಗ ಆ ಹಗ್ಗವನ್ನು ಬಲವಾಗಿಯೇ ಎಳೆಯುತ್ತಾನೆ!

ಘಾಟಿಯನ್ನಿಳಿದ ಸ್ವಲ್ಪ ದೂರದಲ್ಲಿ ಒಂದು ಹಳೆಯ ಚಹಾದ ಮನೆಯಿದೆ. ನಡುಮನೆಯಲ್ಲಿ ಉರಿಯುವ ಒಲೆಯ ಹೊಗೆಯಿಂದ ತೊಲೆಗಳು ಕಪ್ಪಾಗಿವೆ. ದಾರಿಗರಿಗೆ ಇಲ್ಲಿ ಹಣ ಕೇಳದೆ ಚಹಾ ಕೊಡುತ್ತಾರೆ. ಮನಸ್ಸು ಬಂದವರು ಏನಾದರೂ ಇಟ್ಟುಹೋಗಬಹುದು. ಇನ್ನೂ ಕೆಳಗೆ ಗಂಡು, ಹೆಣ್ಣು ಎಂದು ಕರೆಯುವ ಜೋಡಿ ಜಲಪಾತಗಳು. ಯೋಶಿಕಾವಾ ಎಯ್‌ಜಿ ಬರೆದ ಖಡ್ಗವೀರ ಮುಸಾಶಿಯ ಕಾದಂಬರಿಯಲ್ಲಿ ಈ ಜಲಪಾತಗಳು ಬರುವುದರಿಂದ ಜಪಾನೀಯರು ಇಲ್ಲಿ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವುದಿಲ್ಲ.

ಒಂದು ಮರಕ್ಕೆ ಒಂದು ತಲೆ

ಈ ಕಾಡಿನ ಸೊಬಗಿನ ಹಿಂದೆ ಒಂದು ಕಠೋರವಾದ ಕಥೆಯಿದೆ. ಕಿಸೋ ಕಣಿವೆಯ ಹಿನೋಕಿ ಮರವು ಸುಗಂಧಕ್ಕೂ ಬಾಳಿಕೆಗೂ ಹೆಸರಾದುದು. ಇಸೆಯಲ್ಲಿರುವ ಮಹಾಮಂದಿರವನ್ನು ಇಪ್ಪತ್ತು ವರ್ಷಗಳಿಗೊಮ್ಮೆ ಹೊಸದಾಗಿ ಕಟ್ಟುವ ಸಂಪ್ರದಾಯವಿದ್ದು, ಅದಕ್ಕೆ ಬೇಕಾದ ಮರ ಹೋಗುವುದು ಈ ಕಣಿವೆಯಿಂದ. ಕಳೆದ ಸಲದ ಪುನರ್ನಿರ್ಮಾಣ 2013ರಲ್ಲಿ ನಡೆಯಿತು. ಹದಿನೇಳನೆಯ ಶತಮಾನದಲ್ಲಿ ಕೋಟೆಗಳಿಗಾಗಿ, ನಗರಗಳಿಗಾಗಿ ಮಿತಿಮೀರಿ ಕಡಿದುದರಿಂದ ಬೆಟ್ಟಗಳು ಬೋಳಾಗತೊಡಗಿದಾಗ, ಈ ಕಾಡಿನ ಒಡೆಯರಾಗಿದ್ದ ಒವಾರಿಯ ಪ್ರಭುಗಳು ಹಿನೋಕಿಯನ್ನೂ ಅದನ್ನು ಹೋಲುವ ಇತರ ನಾಲ್ಕು ಜಾತಿಗಳನ್ನೂ ಹಳ್ಳಿಗರು ಮುಟ್ಟಕೂಡದೆಂದು ಕಟ್ಟಳೆ ವಿಧಿಸಿದರು. ‘ಒಂದು ಮರಕ್ಕೆ ಒಂದು ತಲೆ’ ಎಂಬ ಮಾತು ಇಂದಿಗೂ ಆ ಸೀಮೆಯಲ್ಲಿ ಉಳಿದುಬಂದಿದೆ. ಮನೆಯ ಹಿತ್ತಿಲಿಗೇ ತಾಗಿ ಬೆಳೆದ ಮರದಿಂದ ಮನೆಗೊಂದು ಕಂಬವನ್ನು ತರುವಂತಿರಲಿಲ್ಲ.

ಕಾಡು ಉಳಿಯಿತು, ನಿಜ. ಇಂದು ಅದನ್ನು ಹೊಗಳುವವರು ಬಹಳ. ಇದೇ ಕಣಿವೆಯ ಅಕಾಸಾವಾ ಅರಣ್ಯದಲ್ಲಿ 1982ರಲ್ಲಿ ‘ಅರಣ್ಯಸ್ನಾನ’ ಎಂಬ ಹೊಸ ಪದ್ಧತಿಯ ಮೊದಲ ರಾಷ್ಟ್ರೀಯ ಕಾರ್ಯಕ್ರಮ ನಡೆಯಿತು. ಆ ಪದ ಈಗ ಲೋಕವಿಖ್ಯಾತವಾಗಿದೆ. ಆದರೆ ಆ ನೆರಳಿನ ಬೆಲೆಯನ್ನು ತೆತ್ತವರು ಯಾರು? ಈ ಪ್ರಶ್ನೆಯನ್ನು ಮರೆಯಗೊಡದವನು ಮಾಗೋಮೆಯಲ್ಲಿಯೇ 1872ರಲ್ಲಿ ಹುಟ್ಟಿದ ಸಾಹಿತಿ ಶಿಮಾಜಾಕಿ ತೋಸೋನ್. ಸಾಮಂತರು ಇಳಿದುಕೊಳ್ಳುತ್ತಿದ್ದ ಮುಖ್ಯ ಬಿಡದಿಯ ಒಡೆತನವು ತಲೆಮಾರುಗಳಿಂದ ಅವನ ಮನೆತನದ್ದಾಗಿತ್ತು. ತಂದೆಯ ಬದುಕನ್ನು ಆಧಾರವಾಗಿಟ್ಟುಕೊಂಡು ಅವನು ಬರೆದ, ‘ಬೆಳಗಾಗುವ ಮುನ್ನ’ ಎಂಬ ಅರ್ಥದ ಹೆಸರುಳ್ಳ ಮಹಾಕಾದಂಬರಿಯು ‘ಚೂಓ ಕೋರೋನ್’ ಪತ್ರಿಕೆಯಲ್ಲಿ 1929ರಿಂದ 1935ರವರೆಗೆ ಧಾರಾವಾಹಿಯಾಗಿ ಪ್ರಕಟವಾಯಿತು. 1868ರಲ್ಲಿ ರಾಜ್ಯಾಡಳಿತವು ಚಕ್ರವರ್ತಿಯ ಹೆಸರಿಗೆ ಮರಳಿದಾಗ ಕಾಡಿನ ಬಾಗಿಲು ಬಡವರಿಗೆ ತೆರೆಯುವುದೆಂದು ಅದರ ನಾಯಕನು ನಂಬುತ್ತಾನೆ. ಹಳ್ಳಿಗಳ ಪರವಾಗಿ ಅರ್ಜಿ ಹಿಡಿದು ಓಡಾಡಿದ್ದಕ್ಕೆ ಅವನಿಗೆ ಸಿಕ್ಕ ಫಲವೆಂದರೆ ಪದಚ್ಯುತಿ. ಕೊನೆಗೆ ಅವನು ಬುದ್ಧಿಭ್ರಮಣೆಗೊಂಡು, ಬಂಧನದಲ್ಲಿಯೇ ಸಾಯುತ್ತಾನೆ. ಈ ದಾರಿಯಲ್ಲಿ ಹಕ್ಕಿಗಳ ಕಲರವವನ್ನಷ್ಟೇ ಕೇಳಿ ಹೋಗುವವರು ಆ ಕಾದಂಬರಿಯನ್ನೊಮ್ಮೆ ಓದಿ ಬಂದರೆ ಲೇಸು. ತೋಸೋನನ ಹುಟ್ಟುಮನೆ ಇದ್ದ ನಿವೇಶನದಲ್ಲಿ 1947ರಲ್ಲಿ ಊರವರೇ ಮೈಮುರಿದು ದುಡಿದು ಅವನಿಗೊಂದು ಸ್ಮಾರಕವನ್ನು ಕಟ್ಟಿದರು.

ಮರೆತ ಊರು

ತ್ಸುಮಾಗೊವನ್ನು ಪ್ರವೇಶಿಸುವಲ್ಲಿ ದಾರಿಯು ಥಟ್ಟನೆ ಎರಡು ಸಲ ಅಡ್ಡತಿರುವು ತೆಗೆದುಕೊಳ್ಳುತ್ತದೆ. ಶತ್ರುಸೈನ್ಯವು ನೇರವಾಗಿ ನುಗ್ಗದಿರಲೆಂದು ಹಿಂದಿನವರು ಮಾಡಿದ ಉಪಾಯವಿದು. ಅದರಾಚೆ ತಗ್ಗಾದ ಸೂರಿನ ಮನೆಗಳ ಸಾಲು. 1861ರಲ್ಲಿ ಚಕ್ರವರ್ತಿಯ ತಂಗಿ ಕಜುನೋಮಿಯಾ, ಶೋಗನನ ಮಡದಿಯಾಗಲು ಒಲ್ಲದ ಮನಸ್ಸಿನಿಂದ ಎದೋವಿಗೆ ಹೊರಟಾಗ ಅವಳ ಸಾವಿರಾರು ಜನರ ದಿಬ್ಬಣವು ಈ ಕಿಸೋ ದಾರಿಯಲ್ಲಿಯೇ ಸಾಗಿತು. ಅಂದಿನ ವೈಭವ ಅರ್ಧ ಶತಮಾನವೂ ಉಳಿಯಲಿಲ್ಲ. 1911ರಲ್ಲಿ ಕಣಿವೆಯ ರೈಲುಮಾರ್ಗ ಪೂರ್ಣಗೊಂಡಿತು. ಅದು ನದಿಯನ್ನು ಹಿಡಿದು ಹೋಯಿತೇ ಹೊರತು ತ್ಸುಮಾಗೊವಿಗೆ ಬರಲಿಲ್ಲ. ಬಿಡದಿಗಳಿಗೆ ಬೀಗ ಬಿತ್ತು. ಯುವಕರು ನಗರ ಸೇರಿದರು. ಹೊಸ ಮನೆ ಕಟ್ಟಲು ಯಾರ ಕೈಯಲ್ಲಿಯೂ ಹಣವಿರಲಿಲ್ಲ. ಹಳೆಯ ಮನೆಗಳು ನಿಂತುಕೊಂಡಿದ್ದುದು ಪ್ರೀತಿಯಿಂದಲ್ಲ, ಬಡತನದಿಂದ ಎಂದರೆ ತಪ್ಪಾಗದು.

ಪ್ರೀತಿ ಹುಟ್ಟಿದ್ದು ತಡವಾಗಿ. ಸೂರುಗಳು ಕುಸಿಯತೊಡಗಿದ್ದ ಕಾಲದಲ್ಲಿ, 1968ರಲ್ಲಿ, ಊರವರು ‘ತ್ಸುಮಾಗೊವನ್ನು ಪ್ರೀತಿಸುವ ಸಂಘ’ವೆಂಬುದನ್ನು ಕಟ್ಟಿಕೊಂಡರು. ಹೊಸ ಯುಗಕ್ಕೆ ನೂರು ವರ್ಷ ತುಂಬಿದ ನೆನಪಿಗೆಂದು ನಾಗಾನೋ ಪ್ರಾಂತದ ಸರಕಾರವು ಹಣ ಒದಗಿಸಿತು. ಊರನ್ನು ಮೂಲೆಗುಂಪು ಮಾಡಿದ ಯುಗದ ಉತ್ಸವವೇ ಅದರ ಉದ್ಧಾರಕ್ಕೂ ಕಾರಣವಾದದ್ದು ವಿಧಿಯ ವಿನೋದವಲ್ಲದೆ ಮತ್ತೇನು? ಮೊದಲ ಕೆಲವು ವರ್ಷಗಳಲ್ಲಿಯೇ ಇಪ್ಪತ್ತಕ್ಕೂ ಮಿಕ್ಕಿ ಮನೆಗಳು ದುರಸ್ತಿಗೊಂಡವು.

ಪ್ರವಾಸಿಗರು ಬರತೊಡಗಿದರು. ಅವರ ಹಿಂದೆಯೇ ಹಣದ ಆಸೆಯೂ ಬರುವುದೆಂಬುದನ್ನು ಹಳ್ಳಿಗರು ಬಲ್ಲವರಾಗಿದ್ದರು. ಆದುದರಿಂದ 1971ರಲ್ಲಿ ನಿವಾಸಿಗಳೆಲ್ಲ ಸೇರಿ ಒಂದು ಪ್ರತಿಜ್ಞಾಪತ್ರವನ್ನು ಅಂಗೀಕರಿಸಿದರು. ‘ಉರನಾಯ್, ಕಸನಾಯ್, ಕೊವಸನಾಯ್’: ಮಾರೆವು, ಬಾಡಿಗೆಗೆ ಕೊಡೆವು, ಕೆಡವೆವು. ಇದು ಮನೆಗಳಿಗೆ ಮಾತ್ರವಲ್ಲ, ಹೊಲಗದ್ದೆಗಳಿಗೂ ಕಾಡಿಗೂ ಅನ್ವಯಿಸುವ ಮಾತು. ವಿದ್ಯುತ್ತಿನ ತಂತಿಗಳು ಮನೆಗಳ ಹಿಂಬದಿಗೆ ಸರಿದವು. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಬೀದಿಯಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. 1976ರಲ್ಲಿ ಜಪಾನ್ ಸರಕಾರವು ಮೊತ್ತಮೊದಲು ಸಂರಕ್ಷಿತ ಪ್ರದೇಶಗಳೆಂದು ಆರಿಸಿದ ಊರುಗಳ ಪಟ್ಟಿಯಲ್ಲಿ ತ್ಸುಮಾಗೊ ಸೇರಿತು. ಆ ರಕ್ಷಣೆಯ ವಿಸ್ತಾರ ಸುಮಾರು 1,245 ಹೆಕ್ಟೇರು. ಬೀದಿಯಲ್ಲಿ ನಿಂತವನ ಕಣ್ಣಿಗೆ ಬೀಳುವ ಬೆಟ್ಟದ ಸಾಲೆಲ್ಲ ಅದರೊಳಗಿದೆ.

ಒಂದು ಕಾಲಕ್ಕೆ ಒಡೆಯನು ಹೇರಿದ ನಿಷೇಧ. ಇನ್ನೊಂದು ಕಾಲಕ್ಕೆ ಊರವರೇ ತಮಗೆ ವಿಧಿಸಿಕೊಂಡ ನಿಷೇಧ. ಎರಡನೆಯದು ಹಗುರವೆಂದು ಹೊರಗಿನವರು ತಿಳಿಯಬಾರದು. ಮುಂಬಾಗಿಲಿನ ಅಂದವನ್ನು ಮನಬಂದಂತೆ ಬದಲಿಸುವಂತಿಲ್ಲ. ದುಡ್ಡಿರುವವನು ಬಂದು ಮನೆ ಕೇಳಿದರೂ ಕೊಡುವಂತಿಲ್ಲ. ಮಕ್ಕಳು ನಗರದಲ್ಲಿ ನೆಲೆಸಿದ ಮೇಲೆ ಮುದುಕರು ಆ ಹಲಗೆ, ಜಾಲಂಧ್ರಗಳನ್ನು ಉಜ್ಜುತ್ತ ಎಷ್ಟು ಕಾಲ ಕಳೆದಾರು? ತ್ಸುಮಾಗೊ ಸೇರಿರುವ ನಗೀಸೊ ಪಟ್ಟಣದ ಒಟ್ಟು ಜನಸಂಖ್ಯೆ ಐದು ಸಾವಿರಕ್ಕೂ ಕಡಿಮೆಯಾಗಿದೆ. ಹೊರಗಿನವರಿಗೆ ಮನೆ ಕೊಡದ ಊರಿನಲ್ಲಿ ಒಳಗಿನವರು ಕರಗುತ್ತ ಹೋದರೆ ದೀಪ ಹಚ್ಚುವವರಾರೆಂಬ ಚಿಂತೆ ಸಹಜವಾದುದು. ಆದರೂ ಅರ್ಧ ಶತಮಾನ ಕಳೆದ ಮೇಲೂ ಆ ಪ್ರತಿಜ್ಞೆಯನ್ನು ಅವರು ಹಿಂತೆಗೆದುಕೊಂಡಿಲ್ಲ.

ಊರ ನಡುವಿನ ಎರಡನೆಯ ಬಿಡದಿಯನ್ನು ಮಾತ್ರ ನೋಡದೆ ಬರಬಾರದು. ಮರ ಕಡಿಯುವ ನಿಷೇಧ ಸಡಿಲಗೊಂಡೊಡನೆ, 1877ರಲ್ಲಿ, ಮನೆಯವರು ಅದನ್ನು ಸಂಪೂರ್ಣವಾಗಿ ಹಿನೋಕಿಯಿಂದಲೇ ಮತ್ತೆ ಕಟ್ಟಿಸಿದರು. ತಲೆತಲಾಂತರದಿಂದ ಕಣ್ಣೆದುರಿಗಿದ್ದೂ ಕೈಗೆಟುಕದಿದ್ದ ಮರವದು! ತೊಲೆಗಳ ಗಾತ್ರವನ್ನು ಕಂಡರೆ ಆ ಹಸಿವೆಷ್ಟಿತ್ತೆಂಬುದು ತಿಳಿಯುತ್ತದೆ.

ಹೋಗಬಯಸುವವರಿಗೆ ವಸಂತವೂ ಶರತ್ಕಾಲವೂ ಅನುಕೂಲ. ನಕತ್ಸುಗಾವಾ ನಿಲ್ದಾಣದಿಂದ ಬಸ್ಸಿನಲ್ಲಿ ಮಾಗೋಮೆಗೆ ಹೋಗಿ ಅಲ್ಲಿಂದ ನಡೆಯತೊಡಗಿದರೆ ಏರು ಕಡಿಮೆ. ಅಕ್ಕಿಯ ಅನ್ನವನ್ನು ಮಿದ್ದು ಕಡ್ಡಿಗೆ ಮೆತ್ತಿ, ಅಕ್ರೋಟಿನ ಗೊಜ್ಜು ಸವರಿ ಕೆಂಡದ ಮೇಲೆ ಸುಡುವ ಗೊಹೆಯಿಮೋಚಿಯನ್ನು ಹೊರಡುವ ಮೊದಲೇ ತಿನ್ನುವುದು ಜಾಣತನ. ಸಾಧ್ಯವಾದರೆ ತ್ಸುಮಾಗೊವಿನಲ್ಲಿಯೇ ಒಂದು ರಾತ್ರಿ ಉಳಿಯಬೇಕು. ಸಂಜೆಯ ಹೊತ್ತಿಗೆ ಅಂಗಡಿಗಳು ಮುಚ್ಚುತ್ತವೆ, ಹಗಲಿನ ಜನಜಂಗುಳಿ ಬಸ್ಸು ಹತ್ತಿ ಹೋಗುತ್ತದೆ, ಮನೆಯವರು ಒಳಗಿನಿಂದ ಅಗಳಿ ಹಾಕಿಕೊಳ್ಳುವ ಸದ್ದು ಬೀದಿಯುದ್ದಕ್ಕೂ ಕೇಳಿಬರುತ್ತದೆ.